ಕವರಿನ ಮೇಲಿನ ಅಜ್ಜಿ

ಹೆಂಗಸರಿಗೆ ಗುರುತು ಹಾಕುವ ಕೆಲಸ ಹೊಸದೇನಲ್ಲ. ಸ್ಟೀಲ್ ಪಾತ್ರೆ ಕೊಂಡ ಕೂಡಲೇ ಅಂಗಡಿಯವನ ಕೈಲಿ ಅದರ ಮೇಲೆ ಹೆಸರು ಬರೆಸುತ್ತೇವೆ. ಆ ಪುಟ್ಟ ಮೆಷಿನ್ನು ಗರ್ರ್ ಎನ್ನುತ್ತಾ ಕೊರೆಯುವ ಮೊದಲು, ಹಾಕಿಸಬೇಕಾದದ್ದು ನಮ್ಮ ಹೆಸರೋ ಗಂಡನ ಹೆಸರೋ ಎಂದು ಒಂದು ಗಳಿಗೆ ಯೋಚಿಸಿಯೂ ಇರುತ್ತೇವೆ. ಹಿಂದೆ ಅಗಸರು ಬಟ್ಟೆಯ ಮೂಲೆಗೆ ಕೇರುಬೀಜದ ರಸದಲ್ಲಿ ಒಂದು ಚುಕ್ಕಿ, ಒಂದು ಗೀಟು ಹಾಕುತ್ತಿದ್ದರು. ಅಕ್ಷರ ಬಾರದವರು ಊರಿನ ಬಟ್ಟೆಯನ್ನೆಲ್ಲ ಆ ಚುಕ್ಕಿ ಗೀಟುಗಳ ಬಲದಿಂದಲೇ ತಪ್ಪದೆ ಮನೆಮನೆಗೆ ಮುಟ್ಟಿಸುತ್ತಿದ್ದರು. ನಮ್ಮ ಕಡೆ ಕುರಿಯ ಬೆನ್ನಿಗೆ ಹಚ್ಚುವ ಬಣ್ಣವೂ ಅಂಥದೇ. ಈ ಗುರುತುಗಳೆಲ್ಲ ಒಂದೇ ಮಾತು ಹೇಳುತ್ತವೆ: ಇದು ಯಾರದು. ಇದು ಎಂಥದು ಎಂಬ ಮಾತಿಗೆ ಅವು ಹೋಗುವುದಿಲ್ಲ. ಕುರಿ ಬಡಕಲಾಗಿದ್ದರೆ ಬಣ್ಣ ಅದನ್ನು ಮುಚ್ಚಿಡುವುದಿಲ್ಲ.

ಈಗ ನಾವು ಲೋಗೋ ಎಂದು ಕರೆಯುವ ಗುರುತು ಹಾಗಲ್ಲ. ಅದು ಯಾರದು ಎನ್ನುವುದರ ಜೊತೆಗೆ ಎಂಥದು ಎಂದೂ ಹೇಳಲು ಹೊರಡುತ್ತದೆ. ತೊಡಕು ಶುರುವಾಗುವುದೇ ಅಲ್ಲಿಂದ ಎಂದು ನನಗೆ ಅನ್ನಿಸುತ್ತದೆ. ಕನ್ನಡದಲ್ಲಿ ಇದಕ್ಕೆ ಲಾಂಛನ ಎಂಬ ಮಾತಿದೆ. ಚಂದ್ರನ ಮೈಮೇಲಿನ ಕಲೆಯೂ ಲಾಂಛನವೇ. ಹನ್ನೆರಡನೆಯ ಶತಮಾನದ ವಚನಕಾರರಂತೂ ಲಾಂಛನವನ್ನು ಹೊತ್ತು ಆಚರಣೆಯನ್ನು ಬಿಟ್ಟವರನ್ನು ಸುಮ್ಮನೆ ಬಿಡಲಿಲ್ಲ. ವಿಭೂತಿ ಹಚ್ಚಿದ ಹಣೆಗೆ ಅವರು ಕೇಳಿದ ಪ್ರಶ್ನೆಯನ್ನೇ ನಾವು ಚಟ್ನಿಪುಡಿಯ ಕವರಿಗೂ ಕೇಳಬಹುದೇ? ಕೇಳಬಹುದು ಎಂಬುದು ನನ್ನ ಅಭಿಪ್ರಾಯ. ಹಾಗೆ ಕೇಳುವ ಸಂದರ್ಭವೊಂದು ನಮ್ಮ ಮಾಡದಕೆರೆಯಲ್ಲೇ ಒದಗಿ ಬಂತು.

ಹನ್ನೊಂದು ಜನ ಹೆಂಗಸರ ಒಂದು ಸಂಘ. ವಾರವಾರ ಉಳಿತಾಯ ಮಾಡುತ್ತಾ, ಸಾಲ ತಂದು ತೀರಿಸುತ್ತಾ, ಶೇಂಗಾ ಚಟ್ನಿಪುಡಿ ಮಾಡಿ ಹೊಸದುರ್ಗದ ಅಂಗಡಿಗಳಿಗೆ ಹಾಕುತ್ತಿದ್ದರು. ಬಿಳಿ ಪ್ಲಾಸ್ಟಿಕ್ ಕವರು, ಒಳಗೆ ಒಂದು ಚೀಟಿ, ಅಷ್ಟೇ. ದಾವಣಗೆರೆಯ ವ್ಯಾಪಾರಿಯೊಬ್ಬರು ರುಚಿ ನೋಡಿ, "ಮಾಲು ಚೆನ್ನಾಗಿದೆ, ಕವರ್ ಸರಿಯಿಲ್ಲ. ಒಂದು ಬ್ರ್ಯಾಂಡ್ ಮಾಡ್ಕೊಂಡು ಬನ್ನಿ" ಎಂದರಂತೆ. ಸಂಘದವರು ನನ್ನ ಹತ್ತಿರ ಬಂದರು. ಟೀಚರಮ್ಮನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಡಿಟಿಪಿ ಅಂಗಡಿ ಇಟ್ಟಿದ್ದಾನೆ. ಮದುವೆ ಪತ್ರಿಕೆ, ಫ್ಲೆಕ್ಸು, ಜಾತ್ರೆಯ ಕರಪತ್ರ ಅವನ ಹೊಟ್ಟೆಪಾಡು. ಅವನನ್ನೇ ಕರೆಸಿದೆವು.

ಅವನು ಕೋರೆಲ್ ಡ್ರಾ ಎಂಬ ತಂತ್ರಾಂಶದಲ್ಲಿ ಕೆಲಸ ಮಾಡುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. 1989ರಲ್ಲಿ ಕೆನಡಾದ ಕಂಪನಿಯೊಂದು ಹೊರತಂದ ಈ ತಂತ್ರಾಂಶ ಇಲ್ಲದ ಪ್ರಿಂಟಿಂಗ್ ಅಂಗಡಿ ನಮ್ಮ ತಾಲ್ಲೂಕುಗಳಲ್ಲಿ ಸಿಗುವುದು ಕಷ್ಟ. ಅದರ ಗುಟ್ಟು ರಂಗೋಲಿ ಬಲ್ಲವರಿಗೆ ಸುಲಭವಾಗಿ ತಿಳಿಯುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಹಿಗ್ಗಿಸುತ್ತಾ ಹೋದರೆ ಅದು ಚೌಕಚೌಕವಾಗಿ ಒಡೆದುಹೋಗುತ್ತದೆ. ಚುಕ್ಕಿ ರಂಗೋಲಿ ಹಾಗಲ್ಲ. ಹೊಸಿಲ ಮುಂದೆ ಹಾಕಿದ ಏಳು ಚುಕ್ಕಿಯ ಎಳೆಯನ್ನೇ ದೇವಸ್ಥಾನದ ಅಂಗಳದಲ್ಲಿ ಹಾಕಬೇಕಾದರೆ ಚುಕ್ಕಿಗಳ ನಡುವಿನ ಅಂತರ ಹೆಚ್ಚಿಸಿದರಾಯಿತು, ಎಳೆ ಕೆಡುವುದಿಲ್ಲ. ಕಂಪ್ಯೂಟರಿನ ಈ ಚಿತ್ರವೂ ಚುಕ್ಕಿಗಳನ್ನೂ ಅವುಗಳ ನಡುವಿನ ಬಾಗನ್ನೂ ಲೆಕ್ಕವಾಗಿ ನೆನಪಿಟ್ಟುಕೊಳ್ಳುತ್ತದೆ. ಆದ್ದರಿಂದ ಬೆಂಕಿಪೊಟ್ಟಣದಷ್ಟು ಸಣ್ಣದಾಗಿಯೂ ಮುದ್ರಿಸಬಹುದು, ಗೋಡೆಯಷ್ಟು ದೊಡ್ಡದಾಗಿಯೂ ಮುದ್ರಿಸಬಹುದು. ಆ ಬಾಗುಗಳಿಗೆ ಬೆಝಿಯೆ ಎಂಬ ಫ್ರೆಂಚ್ ಎಂಜಿನಿಯರನ ಹೆಸರಿದೆ. 1960ರ ದಶಕದಲ್ಲಿ ರೆನೋ ಕಂಪನಿಯಲ್ಲಿ ಕಾರಿನ ಮೈಯನ್ನು ರೂಪಿಸಲು ಆತ ಬಳಸಿದ ವಿಧಾನ ಅದು. ಕಾರಿನ ಮೈ ತಿದ್ದಿದ ಲೆಕ್ಕ ನಮ್ಮೂರ ಚಟ್ನಿಪುಡಿಯ ತನಕ ಬಂದಿತೆಂದರೆ ವಿದ್ಯೆಗೆ ಗಡಿಯಿಲ್ಲ ಎನ್ನುವುದು ನಿಜವೇ.

ಒಂದು ಭಾನುವಾರ ಅವನು ಲ್ಯಾಪ್‌ಟಾಪ್ ಹಿಡಿದು ಬಂದ. ಸಂಘದವರೆಲ್ಲ ಚಾಪೆಯ ಮೇಲೆ ಕೂತರು. ಮೊದಲ ಚಿತ್ರದಲ್ಲಿ ದುಂಡು ಕುಂಕುಮದ ಅಜ್ಜಿಯೊಬ್ಬಳು ನಗುತ್ತಾ ಬೀಸೋಕಲ್ಲು ತಿರುಗಿಸುತ್ತಿದ್ದಳು. ಆಮೇಲೆ ಅದೇ ಅಜ್ಜಿ ಬಂಗಾರದ ಬಣ್ಣದ ಕವರಿನ ಮೇಲೆ. ಆಮೇಲೆ ಗಾಜಿನ ದೊಡ್ಡ ಅಂಗಡಿಯ ಕಪಾಟಿನಲ್ಲಿ ಸಾಲುಸಾಲಾಗಿ. ಆಮೇಲೆ ಕಾಫಿ ಲೋಟದ ಮೇಲೆ, ಟೀ ಶರ್ಟಿನ ಮೇಲೆ, ಕೊನೆಗೆ ಒಂದು ಲಾರಿಯ ಮೇಲೆ.

"ಅಯ್ಯೋ, ನಮ್ದೇ ಲಾರಿ!" ಎಂದು ಒಬ್ಬಳು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. ನಕ್ಕಳೇನೋ ಸರಿ, ಆದರೆ ಎಲ್ಲರ ಕಣ್ಣೂ ಆ ಲಾರಿಯ ಮೇಲೆಯೇ ನಿಂತಿತ್ತು.

ಲೋಗೋ ತೋರಿಸುವವರೆಲ್ಲ ಹೀಗೇ ತೋರಿಸುತ್ತಾರಂತೆ. ಖಾಲಿ ಲಾರಿ, ಖಾಲಿ ಲೋಟ, ಖಾಲಿ ಬೋರ್ಡುಗಳ ಚಿತ್ರಗಳು ಸಿದ್ಧವಾಗಿ ಸಿಗುತ್ತವೆ, ನಮ್ಮ ಗುರುತನ್ನು ಅದರಲ್ಲಿ ಕೂರಿಸುವುದು ಎರಡು ನಿಮಿಷದ ಕೆಲಸ. ಹುಡುಗ ಮೋಸ ಮಾಡಿದ ಎಂದು ನಾನು ಹೇಳುವುದಿಲ್ಲ. ಸೀರೆ ಅಂಗಡಿಯವನು ಸೀರೆಯನ್ನು ತನ್ನ ಹೆಗಲ ಮೇಲೆ ಹೊದ್ದು ತೋರಿಸುವಂತೆಯೇ ಇದು. ಆದರೆ ನಾವು ಆಗ ಮೆಚ್ಚುತ್ತಿದ್ದದ್ದು ಅಜ್ಜಿಯನ್ನೋ ಲಾರಿಯನ್ನೋ? "ಅಪ್ಪಾ, ಇದನ್ನ ಒಂದೇ ಬಣ್ಣದಲ್ಲಿ, ನಿಜವಾದ ಅಳತೆಗೆ ಕಾಗದದ ಮೇಲೆ ತೆಗೆದುಕೊಡು. ಕಿರಾಣಿ ಅಂಗಡಿಯಲ್ಲಿ ಶಾಂಪೂ ಚೀಟಿಗಳ ಪಕ್ಕ ನೇತುಹಾಕಿ ನೋಡೋಣ" ಎಂದೆ. ಅವನಿಗೆ ಅಷ್ಟು ಹಿಡಿಸಲಿಲ್ಲ, ಆದರೂ ತಂದುಕೊಟ್ಟ. ಆ ಬೆಳಕಿನಲ್ಲಿ ಅಜ್ಜಿಯ ನಗು ಕಾಣಲಿಲ್ಲ, ಬೀಸೋಕಲ್ಲು ದೋಸೆಯ ಹಾಗೆ ಕಾಣುತ್ತಿತ್ತು.

ಅಜ್ಜಿಯ ಬಗ್ಗೆ ಮೊದಲು ತಕರಾರು ತೆಗೆದವಳು ಸಂಘದ ಹಿರಿಯಳು. "ಯಾರ ಮನೆ ಅಜ್ಜಿನಪ್ಪಾ ಇವಳು?" ಎಂದು ಕೇಳಿದಳು. ಹುಡುಗ ಇಂಟರ್‌ನೆಟ್ಟಿನಲ್ಲಿ ಸಿಕ್ಕ ಫೋಟೋವನ್ನು ಕಂಪ್ಯೂಟರಿನಲ್ಲೇ ಗೆರೆಯಾಗಿ ಮಾಡಿದ್ದಾಗಿ ಹೇಳಿದ. "ಅವಳನ್ನ ಕೇಳಿದ್ದೀಯಾ?" ಎಂದಳು. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಫೋಟೋ ತೆಗೆದವನ ಹಕ್ಕನ್ನು ಕಾಪಾಡಲು 1957ರ ಕಾಯಿದೆಯೊಂದಿದೆ. ಆದರೆ ಆ ಕಾಯಿದೆಯ ಹೆಸರನ್ನೇ ಕೇಳದ ಹೆಂಗಸು ಕೇಳಿದ್ದು ಅದಕ್ಕಿಂತ ಆಳದ ಪ್ರಶ್ನೆ. ಎಲ್ಲೋ ಯಾರದೋ ಜಗಲಿಯಲ್ಲಿ ಬೀಸುತ್ತಾ ಕೂತವಳ ಮುಖ ನಮ್ಮ ಪುಡಿಗೆ ಸಾಕ್ಷಿ ಹೇಳಬೇಕೆ?

ಇನ್ನೊಂದು ಮಾತೂ ಇತ್ತು. ಸಂಘದವರು ಪುಡಿ ಮಾಡುವುದು ಮಿಕ್ಸಿಯಲ್ಲಿ, ಹೆಚ್ಚಿದ್ದರೆ ಗಿರಣಿಯಲ್ಲಿ. ಬೀಸೋಕಲ್ಲು ಹಿತ್ತಲಲ್ಲಿ ಮಗುಚಿ ಬಿದ್ದಿದೆ. ಇದನ್ನು ಹೇಳಿದಾಗ ಕಾಲೇಜಿಗೆ ಹೋಗುವ ಮಗಳಿರುವ ಒಬ್ಬಳು ಸಿಟ್ಟಿಗೆದ್ದಳು. "ಟೀಚರಮ್ಮ, ಹಾಲಿನ ಜಾಹೀರಾತಲ್ಲಿ ಹಸಿರು ಹುಲ್ಲುಗಾವಲು ತೋರಿಸ್ತಾರೆ. ನಮ್ಮ ಹಸು ಯಾವತ್ತಾದ್ರೂ ಅಂಥ ಹುಲ್ಲು ಕಂಡೈತಾ? ದೊಡ್ಡೋರು ಹಾಕಿದ್ರೆ ಚೆಂದ, ನಾವು ಹಾಕಿದ್ರೆ ಸುಳ್ಳಾ? ಅಜ್ಜಿ ಇದ್ರೆ ಕವರಿಗೆ ಇಪ್ಪತ್ತು ರೂಪಾಯಿ ಹೆಚ್ಚು ಕೊಡ್ತೀನಿ ಅಂದವ್ರೆ ಸಾವ್ಕಾರ್ರು. ಆ ಇಪ್ಪತ್ತು ರೂಪಾಯಿ ಯಾರು ಕೊಡ್ತಾರೆ?"

ಅವಳ ಮಾತನ್ನು ಹಗುರಾಗಿ ತೆಗೆದುಕೊಳ್ಳುವ ಹಕ್ಕು ತಿಂಗಳ ಸಂಬಳ ಬರುವ ನನಗಿಲ್ಲ. ಆದರೂ ನನ್ನ ಅನಿಸಿಕೆಯನ್ನು ಹೇಳಿದೆ. ಹೆಣ್ಣು ತೋರಿಸುವಾಗ ಮುಖಕ್ಕೆ ಪೌಡರ್ ಹಚ್ಚುತ್ತೇವೆ, ಒಳ್ಳೆ ಸೀರೆ ಉಡಿಸುತ್ತೇವೆ. ಅದು ಅಲಂಕಾರ. ನೋಡಲು ಬಂದವರಿಗೂ ಅದು ಅಲಂಕಾರವೆಂದು ಗೊತ್ತು. ಜಾತಕದಲ್ಲಿ ವಯಸ್ಸು ತಿದ್ದಿದರೆ ಅದು ಅಲಂಕಾರವಲ್ಲ. ಬಂಗಾರದ ಬಣ್ಣದ ಕವರು ಪೌಡರಿನ ಹಾಗೆ. ಬೀಸೋಕಲ್ಲು ಜಾತಕ ತಿದ್ದಿದ ಹಾಗೆ, ಏಕೆಂದರೆ ಇಪ್ಪತ್ತು ರೂಪಾಯಿ ಹೆಚ್ಚು ಬರುವುದೇ ಕಲ್ಲಿನಲ್ಲಿ ಬೀಸಿದ್ದೆಂದು ಕೊಳ್ಳುವವಳು ನಂಬುವುದರಿಂದ. ಆ ಕೊಳ್ಳುವವಳೂ ನಮ್ಮ ಹಾಗೇ ಲೆಕ್ಕ ಹಾಕಿ ಮನೆ ನಡೆಸುವ ಹೆಂಗಸು. "ರುಚಿ ಮಾತ್ರ ನಮ್ಮತ್ತೇದೇ ಕಣ್ರೀ, ಅದು ಸುಳ್ಳಲ್ಲ" ಎಂದು ಇನ್ನೊಬ್ಬಳು ನಡುವೆ ಬಾಯಿ ಹಾಕಿದಳು. ಹಾಗಾದರೆ ಅತ್ತೆಯ ಚಿತ್ರವನ್ನೇ ಹಾಕೋಣವೆಂದು ಅವರ ಮನೆಗೆ ಹೋಗಿ ಕೇಳಿದೆವು. ಎಂಬತ್ತರ ಆಕೆ ಎಲೆಯಡಿಕೆ ಮೆಲ್ಲುತ್ತಾ ಹೇಳಿದರು: "ಪುಡಿ ತಿಂದಾದ ಮೇಲೆ ಕವರು ತಿಪ್ಪೆಗೆ ಬಿಸಾಕ್ತಾರೆ. ನನ್ನ ಮುಖ ತಿಪ್ಪೆ ಮ್ಯಾಲೆ ಬ್ಯಾಡ ಕಣವ್ವ."

ನಡುವೆ ಎರಡು ತಲೆಯ ಹಕ್ಕಿಯ ಮಾತೂ ಬಂತು. ಬಸ್ಸಿನ ಮೇಲಿರುವ ಗಂಡಭೇರುಂಡ ಎಲ್ಲರಿಗೂ ಪರಿಚಿತ, ಅದನ್ನೇ ಹಾಕಿದರೆ ಸರ್ಕಾರದ್ದೆಂದು ಜನ ನಂಬುತ್ತಾರೆ ಎಂದು ಒಬ್ಬಳ ಆಸೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬ ಈಗಲೂ ಇದೆ, ಆ ಹಕ್ಕಿ ಅಷ್ಟು ಹಳೆಯದು. ಆದರೆ ಅದೀಗ ರಾಜ್ಯದ ಲಾಂಛನ. ಸರ್ಕಾರದ ಲಾಂಛನಗಳನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಕಾಯಿದೆ ತಡೆಯುತ್ತದೆ. ಹುಡುಗನೂ ಚೆಂದ ಕಾಣಲೆಂದು ಹೆಸರಿನ ಪಕ್ಕದಲ್ಲಿ ವೃತ್ತದೊಳಗಿನ ಆರ್ ಅಕ್ಷರ ಇಟ್ಟಿದ್ದ. ನೋಂದಣಿಯಾಗದ ಗುರುತಿಗೆ ಅದನ್ನು ಹಾಕುವುದು 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ ಪ್ರಕಾರ ಅಪರಾಧ. ತೆಗೆಸಿದೆವು. ಕವರಿನ ಮೇಲಿನ ಹಸಿರು ಚುಕ್ಕಿ, ಆಹಾರ ಇಲಾಖೆಯ ಹದಿನಾಲ್ಕು ಅಂಕಿಯ ಸಂಖ್ಯೆ, ತೂಕ, ತಾರೀಖು, ಇವಕ್ಕೆ ಯಾರೂ ಸೌಂದರ್ಯದ ಬಹುಮಾನ ಕೊಡುವುದಿಲ್ಲ. ನಾನಂತೂ ಕೊಳ್ಳುವಾಗ ಮೊದಲು ನೋಡುವುದು ಅವನ್ನೇ.

ಗುರುತು ಎಂಥದು ಎಂದು ಹೇಳಲೇಬಾರದೆಂದರೆ ಮತ್ತೆ ಅದಕ್ಕೆ ಬೆಲೆ ಎಲ್ಲಿಂದ ಬರುತ್ತದೆ? ನಮ್ಮ ಬಚ್ಚಲಮನೆಯ ಮೈಸೂರು ಸ್ಯಾಂಡಲ್ ಸೋಪನ್ನೇ ನೋಡಿ. ಮೊದಲನೆಯ ಮಹಾಯುದ್ಧದಿಂದ ಶ್ರೀಗಂಧ ಯೂರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ 1916ರಲ್ಲಿ ಇಲ್ಲೇ ಗಂಧದೆಣ್ಣೆ ತೆಗೆಸಲು ಮುಂದಾದರು, ಅದರ ಹಿಂದೆಯೇ ಸೋಪು ಬಂತು. ಅದರ ಗುರುತು ಶರಭ: ಸಿಂಹದ ಮೈ, ಆನೆಯ ತಲೆ. ಸೋಪಿಗೂ ಶರಭಕ್ಕೂ ಏನು ಸಂಬಂಧ? ಅದು ಗಂಧದ ಮರವನ್ನು ತೋರಿಸುವುದಿಲ್ಲ, ಬೆಳ್ಳಗಿನ ಹೆಂಗಸನ್ನು ತೋರಿಸುವುದಿಲ್ಲ, ಏನನ್ನೂ ಸಾಧಿಸಲು ಹೋಗುವುದಿಲ್ಲ. ಒಳಗೆ ಗಂಧದೆಣ್ಣೆ ಇದ್ದುದರಿಂದ, ನೂರು ವರ್ಷ ಇದ್ದುದರಿಂದ, ಆ ಪ್ರಾಣಿಯನ್ನು ಕಂಡರೆ ಈಗ ನಮಗೆ ಪರಿಮಳ ಬರುತ್ತದೆ. ಸ್ಟೇಟ್ ಬ್ಯಾಂಕಿನ ನೀಲಿ ದುಂಡು ಗುರುತೂ ಹಾಗೆಯೇ. 1971ರಲ್ಲಿ ಅದನ್ನು ರೂಪಿಸಿದವರು ಶೇಖರ್ ಕಾಮತ್. ಬೀಗದ ಕಿಂಡಿ ಎನ್ನುವವರಿದ್ದಾರೆ, ಅಹಮದಾಬಾದಿನ ಕಾಂಕರಿಯಾ ಕೆರೆ ಎನ್ನುವವರಿದ್ದಾರೆ. ನಮ್ಮ ಸಂಘದ ಒಬ್ಬಳಿಗೆ ಅದು ರಾಗಿಕಲ್ಲಿನ ಬಾಯಿ. ಅರ್ಥ ಏನಾದರೂ ಇರಲಿ, ಪಾಸ್‌ಬುಕ್ಕಿನ ಲೆಕ್ಕ ಸರಿಯಿದ್ದರೆ ಸಾಕು.

ಕೊನೆಗೆ ಹುಡುಗ ಬಿಡಿಸಿದ್ದು ಸೀಳಿದ ಒಂದು ಶೇಂಗಾ ಕಾಯಿ, ಒಳಗೆ ಎರಡು ಬೀಜ, ಕೆಳಗೆ ಊರಿನ ಹೆಸರು. ಒಂದೇ ಬಣ್ಣ. ಈ ಸಲ ಕಾಯಿಯನ್ನು ಅವನ ಕೈಗೆ ಕೊಟ್ಟು ನೋಡಿ ಬಿಡಿಸು ಎಂದಿದ್ದರು. ಏಳು ಸಲ ತಿದ್ದಿದ. ಆಮೇಲೆ ದುಡ್ಡಿನ ಮಾತು ಬಂತು. ಅವನು ಮೂರು ಸಾವಿರ ಎಂದ. "ನಾಕು ಗೀಟಿಗೆ ಮೂರು ಸಾವಿರವಾ?" ಎಂದು ಗದ್ದಲವೆದ್ದಿತು. ಆಗ ನಾನು ಅಮೆರಿಕದ ಕತೆ ಹೇಳಿದೆ. 1971ರಲ್ಲಿ ಕ್ಯಾರೊಲಿನ್ ಡೇವಿಡ್‌ಸನ್ ಎಂಬ ವಿದ್ಯಾರ್ಥಿನಿ ಬೂಟಿನ ಕಂಪನಿಯೊಂದಕ್ಕೆ ಸರಿ ಗುರುತಿನಂಥ ಒಂದು ಗೀಟು ಎಳೆದುಕೊಟ್ಟಳು. ಗಂಟೆಗೆ ಎರಡು ಡಾಲರಿನ ಲೆಕ್ಕದಲ್ಲಿ ಸಿಕ್ಕಿದ್ದು ಮೂವತ್ತೈದು ಡಾಲರು. ಕಂಪನಿಯ ಯಜಮಾನನಿಗೆ ಆಗ ಅದು ಅಷ್ಟೇನೂ ಹಿಡಿಸಿರಲಿಲ್ಲ. ನೈಕಿ ಎಂಬ ಆ ಕಂಪನಿ ಬೆಳೆದು ದೊಡ್ಡದಾದ ಮೇಲೆ, 1983ರಲ್ಲಿ, ಅವಳನ್ನು ಕರೆದು ಒಂದು ಉಂಗುರವನ್ನೂ ಷೇರುಗಳನ್ನೂ ಕೊಟ್ಟರು. ಎಲ್ಲರೂ ಹನ್ನೆರಡು ವರ್ಷದ ನಂತರ ನೆನೆಸಿಕೊಳ್ಳುವುದಿಲ್ಲ. "ನೀವು ಶೇಂಗಾ ಹುರಿಯೋಕೆ ಕೂತ ಹೊತ್ತಿಗೆ ಮನೇಲಿ ಯಾರಾದ್ರೂ ಕೂಲಿ ಲೆಕ್ಕ ಹಾಕ್ತಾರಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿರಿಯಳು ಮಾತ್ರ ಗಂಟು ಬಿಚ್ಚುತ್ತಾ, "ಎರಡು ಕಂತು ಮಾಡ್ಕಳಪ್ಪ" ಎಂದಳು.

ವ್ಯಾಪಾರಿ ಹೊಸ ಕವರನ್ನು ತಿರುಗಿಸಿ ನೋಡಿ, ಇಪ್ಪತ್ತಲ್ಲ, ಎಂಟು ರೂಪಾಯಿ ಹೆಚ್ಚು ಎಂದರಂತೆ. ಕಾಲೇಜಿನ ಮಗಳಿರುವವಳು ನನ್ನನ್ನು ಕಂಡಾಗಲೆಲ್ಲ ಉಳಿದ ಹನ್ನೆರಡು ರೂಪಾಯಿಯನ್ನು ನೆನಪಿಸುತ್ತಾಳೆ, ನಗುತ್ತಲೇ. ಅವಳ ಲೆಕ್ಕ ತಪ್ಪೆಂದು ನಾನು ಇವತ್ತಿಗೂ ಹೇಳಲಾರೆ. ಹುಡುಗ ಎರಡನೆಯ ಕಂತು ಪಡೆದ ದಿನ ಚಿತ್ರದ ಮೂಲವನ್ನು ಒಂದು ಪೆನ್‌ಡ್ರೈವಿನಲ್ಲಿ ಹಾಕಿ, "ಇದು ನಿಮ್ಮದು, ಬೇರೆ ಅಂಗಡಿಯಲ್ಲೂ ಪ್ರಿಂಟ್ ಹಾಕಿಸಬಹುದು" ಎಂದು ಕೊಟ್ಟ. ಸಂಘದಲ್ಲಿ ಯಾರ ಮನೆಯಲ್ಲೂ ಕಂಪ್ಯೂಟರ್ ಇಲ್ಲ. ಅದನ್ನು ಅರಿಶಿನದ ದಾರಕ್ಕೆ ಕಟ್ಟಿ, ಠರಾವು ಪುಸ್ತಕ ಮತ್ತು ಪಾಸ್‌ಬುಕ್ಕಿನ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾರೆ. ಟ್ರಂಕಿನ ಬೀಗದ ಕೈ ಹಿರಿಯಳ ಸೊಂಟದಲ್ಲಿದೆ.