ನದೀಸೇವೆಯೂ ಭೇದಜ್ಞಾನವೂ

ಲೋಕದಲ್ಲಿ ಸೇವೆಯೆಂಬ ಶಬ್ದಕ್ಕೆ ಇರುವಷ್ಟು ಗೌರವ ಬೇರೆ ಶಬ್ದಗಳಿಗೆ ಇರುವುದು ವಿರಳ. ಸೇವೆ ಮಾಡುವವನ ಮನಸ್ಸು ಶುದ್ಧವಾಗಿದ್ದರೆ ಅವನ ಕರ್ಮವೂ ಶುದ್ಧವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಶುದ್ಧಭಾವದಿಂದ ಮಾಡಿದ ಸೇವೆಯಿಂದಲೇ ಸೇವೆಗೊಳ್ಳುವ ವಸ್ತುವಿಗೆ ಹಾನಿ ಒದಗಿದರೆ ಅದನ್ನು ಏನೆಂದು ಕರೆಯಬೇಕು? ಅದು ಧರ್ಮವೋ, ಅಧರ್ಮವೋ, ಎರಡೂ ಅಲ್ಲದ ಕೇವಲ ದುರ್ದೈವವೋ? ನಮ್ಮ ಕಾವೇರಿಯಲ್ಲಿಯೇ ನಡೆದ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡೋಣ.

ಹಳ್ಳಿಮೈಸೂರು, ಹೊಳೆನರಸೀಪುರ, ಅರಕಲಗೂಡು ಸೀಮೆಯ ನಮಗೆ ನದಿಯೆಂಬುದು ದೂರದ ವಸ್ತುವಲ್ಲ. ಹೇಮಾವತಿ ಒಂದು ಕಡೆ, ಕಾವೇರಿ ಇನ್ನೊಂದು ಕಡೆ. ರಾಮನಾಥಪುರದ ವಹ್ನಿಪುಷ್ಕರಿಣಿಯಲ್ಲಿ ಮೀನುಗಳಿಗೆ ಪುರಿ ಹಾಕದೆ ಹಿಂದಿರುಗಿದ ಯಾತ್ರಿಕರು ಕಡಿಮೆ. ಅಲ್ಲಿ ಮೀನು ಹಿಡಿಯಬಾರದೆಂಬ ಕಟ್ಟುಪಾಡನ್ನು ಜನರು ಭಕ್ತಿಯಿಂದ ಪಾಲಿಸಿಕೊಂಡು ಬಂದಿದ್ದಾರೆ. ಆ ಮೀನುಗಳಲ್ಲಿ ಶ್ರೇಷ್ಠವೆಂದು ಎಣಿಸಲ್ಪಟ್ಟಿರುವುದು ಬಿಳಿಮೀನು. ಇದನ್ನೇ ಮಹಶೀರ್ ಎಂದು ಕರೆಯುವರು. ಕಲ್ಲು ಮರಳಿನ ತಳವುಳ್ಳ, ಹರಿಯುವ ತಿಳಿನೀರನ್ನು ಬಯಸುವ ಈ ಮೀನು ಮಳೆಗಾಲದಲ್ಲಿ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಸಾಗಿ ಮೊಟ್ಟೆಯಿಡುವುದು.

ಇಂತಹ ಮೀನುಗಳನ್ನು ಕೊಲ್ಲುವವರು ನೀರಿಗೆ ಸಿಡಿಮದ್ದು ಎಸೆಯುತ್ತಾರೆ. ಒಂದು ಸಿಡಿತಕ್ಕೆ ದೊಡ್ಡದು ಚಿಕ್ಕದೆನ್ನದೆ ಮಡುವಿನ ಜೀವಿಗಳೆಲ್ಲ ಹೊಟ್ಟೆ ಮೇಲಾಗಿ ತೇಲುವುವು. ಇದನ್ನು ತಡೆಯಬೇಕೆಂದು 1972ರಲ್ಲಿ ಬೆಂಗಳೂರಿನಲ್ಲಿ ಕೆಲವು ಮಹನೀಯರು ‘ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ’ ಎಂಬ ಸ್ವಯಂಸೇವಾ ಸಂಘವನ್ನು ಸ್ಥಾಪಿಸಿದರು. ಕೊಡಗಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ವಾಲ್ನೂರಿನ ಬಳಿಯ ಕಾವೇರಿಯಲ್ಲಿ ಇದೇ ಕಾರ್ಯವನ್ನು ಕೈಗೊಂಡಿತು. ಇವರು ನದಿಯ ಕೆಲವು ಭಾಗಗಳಿಗೆ ಕಾವಲಿಟ್ಟರು. ಹಿಂದೆ ಕಳ್ಳತನದಿಂದ ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರಿಗೆ ಕಾವಲುಗಾರರ ಕೆಲಸ ದೊರೆತು ಬೇರೆ ಜೀವನೋಪಾಯವಾಯಿತು. ಸದಸ್ಯರೂ ಅತಿಥಿಗಳೂ ಗಾಳಹಾಕಿ ಹಿಡಿದ ಮೀನನ್ನು ಮರಳಿ ನೀರಿಗೇ ಬಿಡುವ ನಿಯಮವಿತ್ತು. ವಿನೋದಕ್ಕಾಗಿ ಜೀವಿಯ ಬಾಯಿಗೆ ಕೊಕ್ಕೆ ಸಿಕ್ಕಿಸುವುದನ್ನು ನಾವು ಒಪ್ಪುವವರಲ್ಲ. ಆದರೂ ಇವರ ಕಾವಲಿನಿಂದ ಅಸಂಖ್ಯ ಜೀವಿಗಳು ಉಳಿದುವೆಂಬುದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನದಿಯಲ್ಲಿ ಮೀನು ಕಡಿಮೆಯಾಗಿದೆ, ಹೆಚ್ಚಿಸಬೇಕು ಎಂಬ ಸದಾಶಯದಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ಸಂಸ್ಥೆಯವರು ಬೆಳೆಸಿದ ಮಹಶೀರ್ ಮರಿಗಳನ್ನು ತಂದು ಕಾವೇರಿಗೆ ಬಿಡಲಾಯಿತು. ಆ ಮರಿಗಳು ನೀಲಿ ರೆಕ್ಕೆಯ ಜಾತಿಯವು. ಸಹ್ಯಾದ್ರಿಯ ಉತ್ತರಭಾಗದ, ಕೃಷ್ಣಾ ಕೊಳ್ಳದ ನದಿಗಳಿಗೆ ಸೇರಿದವು. ಕಾವೇರಿಯ ಸ್ವಂತ ಮೀನಾದರೋ ಕಿತ್ತಳೆ ವರ್ಣದ ರೆಕ್ಕೆಯುಳ್ಳ, ಗೂನುಬೆನ್ನಿನ, ಮನುಷ್ಯನಷ್ಟು ತೂಗಬಲ್ಲ ಮಹಾಮತ್ಸ್ಯ. ಇದು ಕಾವೇರಿಯ ಕೊಳ್ಳವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಮರಿ ಬಿಟ್ಟವರ ದೃಷ್ಟಿಯಲ್ಲಿ ಎರಡೂ ಮಹಶೀರ್. ಆದ್ದರಿಂದ ಎರಡೂ ಒಂದೇ.

ಫಲವೇನಾಯಿತು? ಗಾಳಹಾಕುವವರು ತಾವು ಹಿಡಿದು ಬಿಟ್ಟ ಮೀನುಗಳ ವಿವರವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಮೀನಿನ ಒಟ್ಟು ಸಂಖ್ಯೆ ಏರಿತ್ತು, ಆದರೆ ಏರಿದ್ದು ನೀಲಿ ರೆಕ್ಕೆಯ ಮೀನು. ಕಾವೇರಿಯ ಗೂನುಬೆನ್ನಿನ ಮೀನು ವರ್ಷದಿಂದ ವರ್ಷಕ್ಕೆ ಕ್ಷೀಣಿಸಿ ಅಪರೂಪವಾಗಿತ್ತು. ವಿಚಿತ್ರವೆಂದರೆ ಆ ಮೀನಿಗೆ ಶಾಸ್ತ್ರೀಯವಾದ ಹೆಸರು ಸ್ಥಿರವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಯನ್ನೂ ಸೇರಿತು. ಅಣೆಕಟ್ಟು, ಮರಳುಗಣಿ, ಸಿಡಿಮದ್ದು ಇವೆಲ್ಲವೂ ಈ ಕ್ಷಯಕ್ಕೆ ಕಾರಣಗಳೇ. ಆದರೆ ಪ್ರೀತಿಯಿಂದ ತಂದು ಬಿಟ್ಟ ಮರಿಗಳೂ ಆ ಕಾರಣಗಳ ಸಾಲಿನಲ್ಲಿ ನಿಂತಿವೆಯೆಂಬುದು ಮನಸ್ಸನ್ನು ಕಲಕುತ್ತದೆ.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು: “ಕರ್ಮದಲ್ಲಿ ಮಾತ್ರ ನಮಗೆ ಅಧಿಕಾರ; ಫಲ ಭಗವಂತನದು. ಅವರು ಸದ್ಭಾವದಿಂದ ಮಾಡಿದರು; ಫಲದ ಹೊಣೆ ಅವರಿಗೆ ಹೇಗೆ ಬರುತ್ತದೆ?” ಈ ಮಾತು ಮೇಲ್ನೋಟಕ್ಕೆ ಸಮಂಜಸವಾಗಿ ತೋರುತ್ತದೆ. ಆದರೆ ಫಲದ ಆಸೆಯನ್ನು ಬಿಡುವುದು ಬೇರೆ, ಫಲದ ಪರೀಕ್ಷೆಯನ್ನು ಬಿಡುವುದು ಬೇರೆ. ವೈದ್ಯನು ಹಣಕ್ಕೂ ಕೀರ್ತಿಗೂ ಆಸೆಪಡದೆ ಔಷಧ ಕೊಡಬಹುದು; ಆದರೆ ರೋಗವಾವುದೆಂದು ನೋಡದೆ ಕೊಟ್ಟರೆ ಅವನ ನಿಷ್ಕಾಮತೆಯಿಂದ ರೋಗಿಗೆ ಏನು ಪ್ರಯೋಜನ? ದಾನವಿಷಯದಲ್ಲಿ ಗೀತಾಚಾರ್ಯನು ದೇಶ, ಕಾಲ, ಪಾತ್ರ ಮೂರನ್ನೂ ಅರಿತು ಕೊಟ್ಟದ್ದೇ ಸಾತ್ತ್ವಿಕವೆಂದು ವಿಧಿಸಿ, ಅವುಗಳನ್ನು ಗಮನಿಸದೆ ಕೊಟ್ಟದ್ದನ್ನು ತಾಮಸದಲ್ಲಿ ಎಣಿಸಿದ್ದಾನೆ. ಕೃಷ್ಣೆಯ ಮೀನನ್ನು ಕಾವೇರಿಗೆ ಕೊಟ್ಟದ್ದು ಉದಾರವಾದ ದಾನವೇ; ಆದರೆ ಅಲ್ಲಿ ದೇಶದ ವಿಚಾರ ತಪ್ಪಿತು.

ಎರಡನೆಯ ಪೂರ್ವಪಕ್ಷ: “ಮೀನಿಗೆ ಬದಲು ಮೀನು ಬಂದಿತಲ್ಲ, ನದಿಗೇನು ನಷ್ಟ?” ಇದಕ್ಕೆ ಉತ್ತರ ಹೇಳುವುದು ಮಾಧ್ವರಾದ ನಮಗೆ ಕಷ್ಟವಾಗಬಾರದು. ಜೀವ-ಈಶ, ಜಡ-ಈಶ, ಜೀವ-ಜೀವ, ಜೀವ-ಜಡ, ಜಡ-ಜಡ ಎಂಬ ಪಂಚಭೇದಗಳನ್ನು ಬಾಲ್ಯದಿಂದಲೇ ಕೇಳಿದವರು ನಾವು. ಜಗತ್ತು ಸತ್ಯ, ಅದರೊಳಗಿನ ಭೇದವೂ ಸತ್ಯ. ಒಂದು ಜೀವ ಇನ್ನೊಂದು ಜೀವವಲ್ಲ. ಮೀನುಗಳ ಜಾತಿವಿಚಾರವೇ ಪಂಚಭೇದದ ಅರ್ಥವೆಂದು ನಾವು ಹೇಳುತ್ತಿಲ್ಲ. ಶಾಸ್ತ್ರವನ್ನು ಹಾಗೆ ಎಳೆಯುವುದು ತರವಲ್ಲ. ಆದರೆ ಭೇದವನ್ನು ಭೇದವಾಗಿಯೇ ಕಾಣಬೇಕೆಂಬ ಅಭ್ಯಾಸವನ್ನು ಆ ಶಾಸ್ತ್ರ ನಮಗೆ ಕಲಿಸಿದೆ. ಹೆಸರು ಒಂದೆಂದು ವಸ್ತುವೂ ಒಂದೆನ್ನುವುದು, ಸಂಖ್ಯೆ ಹೆಚ್ಚಿತೆಂದು ಒಳಿತಾಯಿತೆನ್ನುವುದು ಆ ಅಭ್ಯಾಸಕ್ಕೆ ವಿರುದ್ಧ. ಅಳಿದುಹೋದ ಒಂದು ಬಗೆಯ ಸೃಷ್ಟಿಯನ್ನು ಇನ್ನೊಂದು ಬಗೆ ತುಂಬಿಕೊಡಲಾರದು.

ಮೂರನೆಯದು ಎಲ್ಲಕ್ಕಿಂತ ಅಪಾಯಕರವಾದ ವಾದ: “ಹಾಗಾದರೆ ಏನನ್ನೂ ಮಾಡದೆ ಸುಮ್ಮನಿರುವುದೇ ಲೇಸು.” ಇದು ಸರ್ವಥಾ ಸಲ್ಲದು. ಆ ಸಂಘಗಳು ಕಾವಲಿಡದಿದ್ದರೆ ಸಿಡಿಮದ್ದಿನವರು ನೀಲಿ ಕಿತ್ತಳೆ ಎಂದು ನೋಡುತ್ತಿದ್ದರೇ? ಕೈಕಟ್ಟಿ ಕುಳಿತವನ ಕೈ ಶುದ್ಧವೆಂದು ಯಾವ ಧರ್ಮವೂ ಹೇಳುವುದಿಲ್ಲ. ಇನ್ನೊಂದು ಸಂಗತಿಯನ್ನು ಗಮನಿಸಬೇಕು. ತಪ್ಪು ಬೆಳಕಿಗೆ ಬಂದದ್ದು ಶತ್ರುಗಳ ಆರೋಪದಿಂದಲ್ಲ. ಆ ನದಿಯನ್ನು ಪ್ರೀತಿಸಿದವರೇ ಬರೆದಿಟ್ಟ ಪುಸ್ತಕದಿಂದ. ತನ್ನ ಸೇವೆಯ ಲೆಕ್ಕವನ್ನು ತನಗೆ ವಿರುದ್ಧವಾಗಿಯೂ ಸಾಕ್ಷಿ ಹೇಳಬಲ್ಲಷ್ಟು ಪ್ರಾಮಾಣಿಕವಾಗಿ ಇಡುವುದೇ ಒಂದು ತಪಸ್ಸು.

ವಿವೇಕದಿಂದ ಕೂಡಿದ ಸೇವೆಗೂ ನಮ್ಮ ನಾಡಿನಲ್ಲಿ ನಿದರ್ಶನವಿದೆ. ಮದ್ದೂರು ತಾಲ್ಲೂಕಿನ, ಶಿಂಷಾ ನದಿಗೆ ಸಮೀಪದ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಮರಗಳಲ್ಲಿಯೇ ಗೂಡುಕಟ್ಟುತ್ತವೆ. ಹುಣಿಸೆಯ ಫಸಲು ಹಾಳಾದರೂ ಜನರು ಅವುಗಳನ್ನು ಓಡಿಸಲಿಲ್ಲ. ಮುಂದೆ ಅರಣ್ಯ ಇಲಾಖೆಯವರು ಆ ನಷ್ಟಕ್ಕೆ ಪರಿಹಾರ ಕೊಡುವ ಪದ್ಧತಿಯನ್ನೂ ತಂದರು. 1990ರ ದಶಕದಲ್ಲಿ ಮೈಸೂರಿನ ನಿಸರ್ಗಪ್ರೇಮಿಗಳ ನೆರವಿನಿಂದ ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ವನ್ನು ಕಟ್ಟಿ, ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗೆ ಮೀನು ತಿನ್ನಿಸಿ ಸಾಕಿ, ರೆಕ್ಕೆ ಬಲಿತ ಮೇಲೆ ಹಾರಬಿಟ್ಟರು. ಅವರು ಎಲ್ಲಿಂದಲೋ ಹಕ್ಕಿಗಳನ್ನು ತಂದು ಸಂಖ್ಯೆ ಹೆಚ್ಚಿಸಲಿಲ್ಲ. ತಮ್ಮ ಮರದಿಂದ ಬಿದ್ದದ್ದನ್ನು ಎತ್ತಿಕೊಂಡರು. ಅದು ತನ್ನ ಕಾಲಮೇಲೆ ನಿಂತಾಗ ಬಿಟ್ಟುಕೊಟ್ಟರು. 2007ರಲ್ಲಿ ಆ ಸ್ಥಳಕ್ಕೆ ಸರ್ಕಾರ ಸಮುದಾಯ ಮೀಸಲು ಪ್ರದೇಶವೆಂಬ ಮಾನ್ಯತೆ ನೀಡಿತು.

ಈ ವಿಚಾರ ನಮ್ಮ ಮನೆಬಾಗಿಲಿಗೂ ಬರುತ್ತದೆ. ಪುಣ್ಯವೆಂದು ಕಲ್ಯಾಣಿಗೆ ಪೇಟೆಯ ಬಣ್ಣದ ಮೀನುಗಳನ್ನು ಬಿಡುವವರಿದ್ದಾರೆ. ಸೊಳ್ಳೆ ತಿನ್ನಲೆಂದು ಪರದೇಶದ ಮೀನನ್ನು ತುಂಬುವವರಿದ್ದಾರೆ. 1952ರಲ್ಲಿ ಭಾರತಕ್ಕೆ ಬಂದ, ಜನರು ಜಿಲೇಬಿ ಎಂದು ಕರೆಯುವ ಮೀನು ಈಗ ಎಷ್ಟು ಕೆರೆ ಹೊಳೆಗಳನ್ನು ಆಕ್ರಮಿಸಿದೆಯೆಂಬುದನ್ನು ಯಾವ ಬೆಸ್ತರನ್ನು ಕೇಳಿದರೂ ತಿಳಿಯುತ್ತದೆ. ಮೀನಿಗೆ ಪುರಿ ಹಾಕಿ, ಪುರಿಯ ಪ್ಲಾಸ್ಟಿಕ್ ಚೀಲವನ್ನೂ ಅದೇ ನೀರಿಗೆ ಒಪ್ಪಿಸುವುದು ಯಾವ ಸೇವೆ? ಘಟ್ಟದ ಮೆಟ್ಟಿಲ ಬಳಿ ಮೀನು ದೇವರದು, ಎರಡು ಹರದಾರಿ ಕೆಳಗೆ ಅದೇ ಮೀನು ಯಾರದೂ ಅಲ್ಲ ಎಂದರೆ, ನಾವು ಕಾಪಾಡಿದ್ದು ಮೀನನ್ನೋ ನಮ್ಮ ಸಮಾಧಾನವನ್ನೋ?

ಆದುದರಿಂದ ನದಿಯ ಸೇವೆಗೆ ತೊಡಗುವ ಸಜ್ಜನರು ಮೂರು ನಿಯಮಗಳನ್ನು ಇಟ್ಟುಕೊಳ್ಳುವುದು ಯುಕ್ತವೆಂದು ತೋರುತ್ತದೆ. ಮೊದಲನೆಯದು, ನದಿಗೆ ಏನನ್ನಾದರೂ ಸೇರಿಸುವ ಮುನ್ನ ಅದಕ್ಕೆ ಸಲ್ಲದ್ದನ್ನು ತೆಗೆಯುವುದು. ಎರಡನೆಯದು, ಆ ನೀರಿನಲ್ಲಿ ಹುಟ್ಟಿ ಬೆಳೆದದ್ದು ಯಾವುದು, ಹೊರಗಿನದು ಯಾವುದು ಎಂಬುದನ್ನು ಬಲ್ಲವರಿಂದ ತಿಳಿಯುವುದು. ಬಲ್ಲವರಲ್ಲಿ ವಿಜ್ಞಾನಿಯೂ ಇದ್ದಾನೆ, ತೆಪ್ಪ ನಡೆಸುವವನೂ ಇದ್ದಾನೆ. ಮೂರನೆಯದು, ಮಾಡಿದ್ದನ್ನು ಬರೆದಿಟ್ಟು ವರ್ಷಕ್ಕೊಮ್ಮೆಯಾದರೂ ಒಟ್ಟಿಗೆ ಕುಳಿತು ಪರೀಕ್ಷಿಸುವುದು.

ಪ್ರಾರಂಭದ ಪ್ರಶ್ನೆಗೆ ನಮ್ಮ ಸಮಾಧಾನವಿಷ್ಟು: ಸದ್ಭಾವದಿಂದ ಸೇವೆ ಹುಟ್ಟುತ್ತದೆ, ಜ್ಞಾನದಿಂದ ಪೂರ್ಣವಾಗುತ್ತದೆ. ತಿಳಿಯಲು ಸಾಧ್ಯವಿಲ್ಲದೆ ಆದ ಹಾನಿಗೆ ಪಶ್ಚಾತ್ತಾಪ ಸಾಕಾಗಬಹುದು. ತಿಳಿಯಲು ಸಾಧ್ಯವಿದ್ದೂ ಕೇಳದೆ ಮಾಡಿದ್ದಕ್ಕೆ ಭಾವಶುದ್ಧಿಯ ಮರೆಯನ್ನು ಹೂಡುವಂತಿಲ್ಲ. ಕಾವೇರಿಯ ಗೂನುಬೆನ್ನಿನ ಮೀನು ಇನ್ನೂ ಕೆಲವು ಮಡುಗಳಲ್ಲಿ ಉಳಿದಿದೆ. ಆದ್ದರಿಂದ ಈ ವಿಚಾರ ಇನ್ನೂ ವ್ಯರ್ಥವಾಗಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥