ಏಪ್ರಿಲ್ 1: ಒಂದು ತಾರೀಖು, ಹಲವು ಬದುಕು

1943ರ ಏಪ್ರಿಲ್ 1ರಂದು ಈಗಿನ ಹಾವೇರಿ ಜಿಲ್ಲೆಯ, ವರದಾ ನದಿಯ ದಂಡೆಯ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪ ಪೊಲೀಸರ ಗುಂಡಿಗೆ ಬಲಿಯಾದರು. ರೈತರಿಂದ ವಸೂಲಾದ ಕಂದಾಯದ ಹಣವನ್ನು ಊರಿನ ವೀರಭದ್ರ ದೇವಸ್ಥಾನದಲ್ಲಿ ಕಾವಲು ಹಾಕಿ ಇಟ್ಟಿದ್ದರು. ಅದನ್ನು ವಶಮಾಡಿಕೊಳ್ಳಲು ಹೋದ ತಂಡಕ್ಕೆ ಅವರೇ ಮುಂದಾಳು. ಜೊತೆಗಿದ್ದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಅಲ್ಲೇ ಪ್ರಾಣ ಕೊಟ್ಟರು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮಹಾದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದಾಗ ಹದಿನೆಂಟರ ಹುಡುಗ; ಆ ತಂಡದಲ್ಲಿದ್ದ ಏಕೈಕ ಕನ್ನಡಿಗ. ಹೊಸರಿತ್ತಿಯಲ್ಲಿ ಬಿದ್ದಾಗ ವಯಸ್ಸು 31.

ಅದೇ ತಾರೀಖಿಗೆ ಕನ್ನಡ ನಾಡಿನಲ್ಲಿ ಇನ್ನೊಂದು ಗುರುತಿದೆ. ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮಿಗಳು ಹುಟ್ಟಿದ್ದು 1907ರ ಏಪ್ರಿಲ್ 1ರಂದು, ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ. ಹೊಸರಿತ್ತಿಯಲ್ಲಿ ಗುಂಡು ಹಾರಿದ ದಿನ ಅವರಿಗೆ ಸರಿಯಾಗಿ 36 ತುಂಬಿತು. ಜಗತ್ತಿನ ಪಟ್ಟಿ ತೆಗೆದರೆ ಸಾಲು ಇನ್ನೂ ಉದ್ದ: ಜರ್ಮನಿಯನ್ನು ಒಗ್ಗೂಡಿಸಿದ ಬಿಸ್ಮಾರ್ಕ್ (1815), ರಷ್ಯದ ಕತೆಗಾರ ಗೊಗೋಲ್ (1809), ಸಂಗೀತಗಾರ ರಹ್ಮಾನಿನೋಫ್ (1873), ಕಾದಂಬರಿಕಾರ ಮಿಲನ್ ಕುಂದೇರಾ (1929), ಕ್ರಿಕೆಟಿಗ ಅಜಿತ್ ವಾಡೇಕರ್ (1941). ಮೂರ್ಖರ ದಿನದಂದು ಹುಟ್ಟಿದ ಕುಂದೇರಾ ತನ್ನ ಮೊದಲ ಕಾದಂಬರಿಗೆ 'ದ ಜೋಕ್' ಎಂದೇ ಹೆಸರಿಟ್ಟ.

ಪತ್ರಿಕೆಗಳ 'ಇತಿಹಾಸದಲ್ಲಿ ಈ ದಿನ' ಅಂಕಣ ಇಂಥವನ್ನೆಲ್ಲ ಒಂದರ ಕೆಳಗೊಂದು ಇಟ್ಟು ಸುಮ್ಮನಾಗುತ್ತದೆ. ಓದುವವರ ಮನಸ್ಸು ಅಷ್ಟಕ್ಕೆ ಸುಮ್ಮನಿರುವುದಿಲ್ಲ. ಒಬ್ಬ ಸನ್ಯಾಸಿಯ ಹುಟ್ಟಿಗೂ ಮೂವರು ಹೋರಾಟಗಾರರ ಸಾವಿಗೂ ಒಂದೇ ದಿನ ಬಂದದ್ದರಲ್ಲಿ ಏನಾದರೂ ಅರ್ಥವಿದೆಯೇ? ದಿನಕ್ಕೆ ತನ್ನದೇ ಗುಣ ಎಂಬುದೊಂದು ಇದೆಯೇ?

ಮೊದಲು ಕೇಳಬೇಕಾದದ್ದು 'ಅದೇ ದಿನ' ಎಂದರೆ ಯಾವುದು ಎಂದು. 1907ರ ಏಪ್ರಿಲ್ 1 ಸೋಮವಾರ. ಹುಣ್ಣಿಮೆ ಕಳೆದು ಎರಡು ಮೂರು ದಿನವಾಗಿತ್ತು. 1943ರ ಏಪ್ರಿಲ್ 1 ಗುರುವಾರ. ಅಮಾವಾಸ್ಯೆಗೆ ಮೂರು ನಾಲ್ಕು ದಿನ ಬಾಕಿ, ಯುಗಾದಿ ಇನ್ನೂ ಬಂದಿರಲಿಲ್ಲ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳಿಂದ ದಿನವನ್ನು ಅಳೆಯುವ ಪಂಚಾಂಗಕ್ಕೆ ಇವೆರಡೂ ಬೇರೆ ಬೇರೆ ದಿನಗಳೇ. ದಿನಕ್ಕೆ ಗುಣವಿದೆ ಎಂದು ನಂಬುವ ಶಾಸ್ತ್ರವೇ ಈ ಹೊಂದಾಣಿಕೆಯನ್ನು ಒಪ್ಪುವುದಿಲ್ಲ. ಇಂಗ್ಲಿಷ್ ತಾರೀಖಿನ ಹೊಂದಾಣಿಕೆಗೆ ಜ್ಯೋತಿಷದ ಅರ್ಥ ಹಚ್ಚುವವರು ಎರಡು ಲೆಕ್ಕಗಳನ್ನು ಬೆರೆಸುತ್ತಿರುತ್ತಾರೆ.

ಇಂಗ್ಲಿಷ್ ತಾರೀಖೂ ಎಲ್ಲ ಕಡೆ ಒಂದೇ ಆಗಿರಲಿಲ್ಲ. ಷೇಕ್ಸ್‌ಪಿಯರ್ ತೀರಿಕೊಂಡದ್ದು 1616ರ ಏಪ್ರಿಲ್ 23ರಂದು. ಸ್ಪೇನಿನ ಸರ್ವಾಂಟಿಸ್‌ಗೂ ಬಹುಕಾಲ ಅದೇ ತಾರೀಖನ್ನು ಹೇಳುತ್ತ ಬಂದರು. ಯುನೆಸ್ಕೋ ಏಪ್ರಿಲ್ 23ನ್ನು ವಿಶ್ವ ಪುಸ್ತಕ ದಿನವಾಗಿ ಆರಿಸುವಾಗ ಈ ಜೋಡಿ ಮನಸ್ಸಿನಲ್ಲಿತ್ತು. ಆದರೆ ಸ್ಪೇನ್ ಆಗಲೇ ಗ್ರೆಗೋರಿಯನ್ ಪದ್ಧತಿಗೆ ಬಂದಿತ್ತು, ಇಂಗ್ಲೆಂಡ್ ಹಳೆಯ ಜೂಲಿಯನ್ ಪದ್ಧತಿಯಲ್ಲೇ ಇತ್ತು. ಎರಡು ದೇಶಗಳ ಏಪ್ರಿಲ್ 23ರ ನಡುವೆ ಹತ್ತು ದಿನಗಳ ಅಂತರ. ಗೊಗೋಲ್ ಮತ್ತು ರಹ್ಮಾನಿನೋಫ್ ಹುಟ್ಟಿದಾಗ ಅವರವರ ಮನೆಯಲ್ಲಿ ಬರೆದಿಟ್ಟ ತಾರೀಖು ಮಾರ್ಚ್ 20. ಏಪ್ರಿಲ್ 1ರ ಪಟ್ಟಿಗೆ ಅವರು ಬಂದದ್ದು ಮುಂದೆ ಮಾಡಿದ ಲೆಕ್ಕದಿಂದ.

ಹಾಗಿದ್ದರೂ ಹೊಂದಾಣಿಕೆಯಲ್ಲಿ ದೇವರ ಕೈ ಕಾಣುವುದು ಬಹಳ ಹಳೆಯ ಸ್ವಭಾವ. ಥೇರವಾದಿ ಬೌದ್ಧರ ಪ್ರಕಾರ ಬುದ್ಧನ ಜನನ, ಜ್ಞಾನೋದಯ, ಪರಿನಿರ್ವಾಣ ಮೂರೂ ವೈಶಾಖ ಹುಣ್ಣಿಮೆಯಂದು. ಪ್ರವಾದಿ ಮಹಮ್ಮದರು ಹುಟ್ಟಿದ್ದೂ ತೀರಿಕೊಂಡದ್ದೂ ರಬೀವುಲ್ ಅವ್ವಲ್ ತಿಂಗಳ 12ರಂದು ಎಂಬುದು ಮುಸ್ಲಿಮರಲ್ಲಿ ವ್ಯಾಪಕ ನಂಬಿಕೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ 1826ರ ಜುಲೈ 4ರಂದು ಮಾಜಿ ಅಧ್ಯಕ್ಷರಾದ ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ ಇಬ್ಬರೂ ತೀರಿಕೊಂಡಾಗ ಅಲ್ಲಿನ ಜನ ಅದನ್ನು ದೈವಸಂಕಲ್ಪವೆಂದೇ ತಿಳಿದರು.

ಹಾವೇರಿ ಜಿಲ್ಲೆಯಲ್ಲೇ ಇದಕ್ಕೊಂದು ಉದಾಹರಣೆಯಿದೆ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಸಂತ ಶರೀಫರು 1819ರಲ್ಲಿ ಹುಟ್ಟಿ, 70 ವರ್ಷ ಬಾಳಿ, 1889ರಲ್ಲಿ ತಾವು ಹುಟ್ಟಿದ ದಿನದಂದೇ ದೇಹ ಬಿಟ್ಟರು ಎಂಬುದು ಪ್ರಚಲಿತವಾದ ಮಾತು. ಭಕ್ತರಿಗೆ ಇದು ಸಂತನಿಗೆ ತಕ್ಕ ನಿರ್ಗಮನ: ಬಂದ ಬಾಗಿಲಿನಿಂದಲೇ ಹೋದರು. ಷೇಕ್ಸ್‌ಪಿಯರ್‌ನ ವಿಷಯದಲ್ಲೂ ಹೀಗೇ. ಅವನ ದೀಕ್ಷಾಸ್ನಾನ 1564ರ ಏಪ್ರಿಲ್ 26ರಂದು ಆಯಿತೆಂಬುದಕ್ಕೆ ಚರ್ಚಿನ ದಾಖಲೆಯಿದೆ. ಹುಟ್ಟಿದ ದಿನಕ್ಕೆ ಇಲ್ಲ. ಸತ್ತ ದಿನಕ್ಕೆ ಹೊಂದಲಿ ಎಂಬ ಆಸೆಯೂ ಸೇರಿ ಏಪ್ರಿಲ್ 23 ನೆಲೆಯಾಯಿತು. ದೊಡ್ಡವರ ಬದುಕನ್ನು ದುಂಡಗೆ ಮಾಡಿಡುವ ಬಯಕೆ ಎಲ್ಲ ಸೀಮೆಯಲ್ಲೂ ಇದೆ. ಅದನ್ನು ಸುಳ್ಳು ಎನ್ನಬೇಕಾಗಿಲ್ಲ. ಪ್ರೀತಿಯ ಒಂದು ರೂಪ ಎಂದರೆ ಸಾಕು.

ದಿನಕ್ಕೆ ಗುಣವಿದೆ ಎಂಬ ನಂಬಿಕೆ ಈ ಸೀಮೆಯಲ್ಲಿ ಬಲವಾಗಿಯೇ ಇದೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುತ್ತಾನೆ. ಎಲ್ಲರೂ 'ಸದ್ದಲೇ' ಎಂಬ ಕೂಗಿಗೆ ಉಸಿರು ಬಿಗಿಹಿಡಿದು ನಿಂತಾಗ ಹೊರಡುವ ಒಂದೇ ಒಂದು ಮಾತಿನಿಂದ ವರ್ಷದ ಮಳೆ, ಬೆಳೆ, ರಾಜಕೀಯವನ್ನು ಜನ ಲೆಕ್ಕ ಹಾಕುತ್ತಾರೆ. ಅದೇ ಮಾತನ್ನು ಅದೇ ಗೊರವಯ್ಯ ಮರುವಾರ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ. ಇಲ್ಲಿ ದಿನವೇ ಮಾತಿಗೆ ತೂಕ ಕೊಡುತ್ತದೆ.

ಇದೇ ನೆಲದಲ್ಲಿ ಇದಕ್ಕೆ ಎದುರಾದ ವಿಚಾರವೂ ಬೆಳೆದಿದೆ. 12ನೆಯ ಶತಮಾನದ ಶರಣರು ಮುಹೂರ್ತ, ರಾಶಿಬಲ, ಗಣಬಲಗಳ ಚಿಂತೆಯನ್ನು ತಳ್ಳಿಹಾಕಿದರು. ಬಸವಣ್ಣನವರ ಧೋರಣೆ ಸ್ಪಷ್ಟ: ಶಿವಭಕ್ತಿ ಇದ್ದರೆ ಎಲ್ಲ ಹೊತ್ತೂ ಒಳ್ಳೆಯದು, ಅದಿಲ್ಲದಿದ್ದರೆ ಯಾವ ಲಗ್ನವೂ ಉಳಿಸದು. ಒಳಿತು ಕೆಡುಕು ಮನುಷ್ಯನ ನಡೆಯಲ್ಲಿದೆ, ಗಳಿಗೆಯಲ್ಲಿ ಇಲ್ಲ. ಇಷ್ಟು ಹೇಳಿದವರ ಜಯಂತಿಗೆ ಸಿಕ್ಕದ್ದು ವೈಶಾಖ ಶುದ್ಧ ತದಿಗೆ, ಅಂದರೆ ಮುಹೂರ್ತವನ್ನೇ ನೋಡಬೇಕಿಲ್ಲದಷ್ಟು ಶುಭವೆಂದು ಜನ ಬಂಗಾರ ಕೊಳ್ಳಲು ಓಡುವ ಅಕ್ಷಯ ತೃತೀಯ! ಹರ್ಡೇಕರ ಮಂಜಪ್ಪನವರು ಮತ್ತು ಮೃತ್ಯುಂಜಯ ಸ್ವಾಮಿಗಳು 1913ರಲ್ಲಿ ದಾವಣಗೆರೆಯಲ್ಲಿ ಸಾರ್ವಜನಿಕ ಬಸವ ಜಯಂತಿಗೆ ತೊಡಗಿದಾಗ ಅವರ ಕಣ್ಣು ಇದ್ದದ್ದು ಜನರನ್ನು ಒಂದೆಡೆ ಸೇರಿಸುವುದರ ಮೇಲೆ. ತಿಥಿ ಅದಕ್ಕೊಂದು ನೆಪ.

ಹೊಂದಾಣಿಕೆಗಳು ಎಷ್ಟು ಸಾಮಾನ್ಯ ಎಂಬುದಕ್ಕೆ ಗಣಿತ ನೇರ ಉತ್ತರ ಕೊಡುತ್ತದೆ. 23 ಜನರ ಗುಂಪಿನಲ್ಲಿ ಯಾರಾದರೂ ಇಬ್ಬರ ಹುಟ್ಟುದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. 40 ಮಕ್ಕಳ ತರಗತಿಯಲ್ಲಿ ಅದು ನೂರಕ್ಕೆ 89. ಆದರೆ ಹೆಸರಿಟ್ಟು ಏಪ್ರಿಲ್ 1ರಂದೇ ಹುಟ್ಟಿದವರು ಬೇಕು ಎಂದರೆ ಅರ್ಧ ಸಾಧ್ಯತೆಗೆ 253 ಜನರನ್ನು ಸೇರಿಸಬೇಕು. ಈ ಎರಡು ಪ್ರಶ್ನೆಗಳು ಬೇರೆ ಎಂಬುದನ್ನು ಮರೆಯುವುದರಿಂದಲೇ ಸೋಜಿಗ ಹುಟ್ಟುತ್ತದೆ. ಹೊಂದಾಣಿಕೆ ಕಂಡ ಮೇಲೆ ಇದೇ ಯಾಕೆ ಎಂದು ಕೇಳುತ್ತೇವೆ. ಯಾವುದಾದರೂ ಒಂದು ಕಾಣಲೇಬೇಕಿತ್ತು ಎಂಬುದು ಹೊಳೆಯುವುದಿಲ್ಲ. ಹುಟ್ಟಿದ ದಿನವೇ ಸಾಯುವ ಸಾಧ್ಯತೆ ಸುಮಾರು 365ರಲ್ಲಿ ಒಂದು. ಆರು ಕೋಟಿ ದಾಟಿದ ಕರ್ನಾಟಕದ ಜನರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿಗೆ ಆ ಭಾಗ್ಯ ಕಾದಿದೆ. ಅವರೆಲ್ಲ ಸಂತರಲ್ಲ.

ಎಲ್ಲ ಹೊಂದಾಣಿಕೆಯೂ ಆಕಸ್ಮಿಕವೆಂದು ಇದರ ಅರ್ಥವಲ್ಲ. ಕೆಲವಕ್ಕೆ ಗಟ್ಟಿ ಕಾರಣವಿದೆ, ಅದು ಗ್ರಹಗಳಲ್ಲಿ ಮಾತ್ರ ಸಿಗದು. ಭಾರತೀಯ ರಿಸರ್ವ್ ಬ್ಯಾಂಕ್ ಆರಂಭವಾದದ್ದು 1935ರ ಏಪ್ರಿಲ್ 1ರಂದು, ಒಡಿಶಾ ಪ್ರತ್ಯೇಕ ಪ್ರಾಂತವಾದದ್ದು 1936ರ ಏಪ್ರಿಲ್ 1ರಂದು, ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು, ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಕನ್ನಡಿಗರಿಗೆ ಹೆಚ್ಚು ನಾಟುವ ಸಾಲು ಬೇರೆ: ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ, ನಾಲ್ಕೂ ಏಪ್ರಿಲ್ 1ರಂದೇ ಬೇರೆ ಬ್ಯಾಂಕುಗಳಲ್ಲಿ ಕರಗಿ ಹೆಸರು ಕಳೆದುಕೊಂಡವು. ಕಾರಣ ಒಂದೇ. ಬ್ರಿಟಿಷ್ ಸರ್ಕಾರ 1867ರಲ್ಲಿ ಲೆಕ್ಕದ ವರ್ಷವನ್ನು ಏಪ್ರಿಲ್‌ನಿಂದ ಮಾರ್ಚ್‌ಗೆ ಗೊತ್ತುಮಾಡಿತು. ಆ ಗೆರೆಯನ್ನು ಇಂದಿಗೂ ಯಾರೂ ಅಳಿಸಿಲ್ಲ.

ಹುಟ್ಟುದಿನಗಳಲ್ಲಿ ಇದಕ್ಕಿಂತ ಸೊಗಸಾದ ಪುರಾವೆಯಿದೆ. ಕರ್ನಾಟಕದ ಹಳ್ಳಿಗಳಲ್ಲಿ ಒಂದು ತಲೆಮಾರಿನ ಲೆಕ್ಕವಿಲ್ಲದಷ್ಟು ಮಂದಿ ದಾಖಲೆಯ ಪ್ರಕಾರ ಜೂನ್ 1ರಂದು ಹುಟ್ಟಿದವರು. ಶಾಲೆಗೆ ಸೇರಿಸಲು ಕರೆತಂದ ಅಜ್ಜಿಯನ್ನು ಮಾಸ್ತರರು ಹುಟ್ಟಿದ ತಾರೀಖು ಕೇಳಿದರೆ, "ಕಾರ ಹುಣ್ಣಿಮಿ ಹಿಂದ ಮುಂದ ಹುಟ್ಟ್ಯಾನ್ರೀ ಸರ, ಆ ವರ್ಷ ಹೊಳಿ ಬಾಳ ಬಂದಿತ್ತು" ಎಂಬಂಥ ಉತ್ತರ ಬರುತ್ತಿತ್ತು. ಮಾಸ್ತರರು ಹುಡುಗನ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟಿಸಿ ನೋಡುವರು. ಮುಟ್ಟಿದರೆ ವಯಸ್ಸಾಗಿದೆ. ದಾಖಲಾತಿ ಪುಸ್ತಕದಲ್ಲಿ ಶಾಲೆ ಶುರುವಾಗುವ ತಿಂಗಳಿನ ಮೊದಲ ತಾರೀಖು ಬೀಳುವುದು: 1-6. ಅಜ್ಜಿಗೆ ಮೊಮ್ಮಗನ ಹುಟ್ಟು ಹೊಳೆಗೂ ಹುಣ್ಣಿಮೆಗೂ ಅಂಟಿದ ನೆನಪು. ಸರ್ಕಾರಕ್ಕೆ ಅದೊಂದು ಅಂಕಿ. ಆ ಹುಡುಗರು ದೊಡ್ಡವರಾಗಿ ನೌಕರಿ ಮಾಡಿ ನಿವೃತ್ತರಾಗುವಾಗ ಮೇ 31ರಂದು ಕಚೇರಿ ಕಚೇರಿಯಲ್ಲಿ ಬೀಳ್ಕೊಡುಗೆ, ಶಾಲು, ಹಾರ. ತಿಂಗಳ ಒಂದನೇ ತಾರೀಖು ಹುಟ್ಟಿದವರ ಸೇವೆ ಹಿಂದಿನ ತಿಂಗಳ ಕೊನೆಯ ದಿನ ಮುಗಿಯಬೇಕೆಂಬುದು ನಿಯಮ. ಇಷ್ಟು ಜನರ ಜಾತಕವನ್ನು ಈ ತಾರೀಖಿನಿಂದ ಬರೆದರೆ ಎಲ್ಲರ ಭವಿಷ್ಯವೂ ಒಂದೇ ಆಗಬೇಕು.

ಇಷ್ಟರಿಂದ ತಾರೀಖು ಪೊಳ್ಳು ಎಂದು ತೀರ್ಮಾನಿಸುವುದು ಅವಸರವಾದೀತು. ತಾರೀಖು ತಾನಾಗಿ ಏನನ್ನೂ ಮಾಡುವುದಿಲ್ಲ, ಆದರೆ ಜನ ಅದನ್ನು ಹಿಡಿದು ಏನೇನನ್ನೋ ಮಾಡುತ್ತಾರೆ. ನೆನೆಯಲು ಯಾವ ದಿನವನ್ನು ಆರಿಸಿಕೊಳ್ಳುತ್ತಾರೆ ಎಂಬುದರಲ್ಲೇ ಅವರ ದರ್ಶನವೂ ಕಾಣುತ್ತದೆ. ಪುರಂದರದಾಸರ ಆರಾಧನೆ ನಡೆಯುವುದು ಪುಷ್ಯ ಬಹುಳ ಅಮಾವಾಸ್ಯೆಯಂದು. ಅದು ಅವರು ದೇಹ ಬಿಟ್ಟ ತಿಥಿ. ಸೂಫಿ ಸಂತರ ಉರುಸೂ ಸಾವಿನ ದಿನದ್ದೇ, ಯಾಕೆಂದರೆ ಆತ್ಮ ದೇವರನ್ನು ಕೂಡಿದ ದಿನ ಅದು. ಲಿಂಗಾಯತ ಮಠಗಳ ಪುಣ್ಯಾರಾಧನೆಯ ಹಿಂದಿರುವುದೂ ಲಿಂಗೈಕ್ಯದ ಇದೇ ಭಾವ. ಹುಟ್ಟಿದ ದಿನ ಯಾರೂ ಏನನ್ನೂ ಸಾಧಿಸಿರುವುದಿಲ್ಲ. ಬಾಳಿನ ಲೆಕ್ಕ ಪೂರ್ತಿಯಾಗುವುದು ಕೊನೆಯ ದಿನ ಎಂಬ ವಿವೇಕ ಈ ಮೂರು ಸಂಪ್ರದಾಯಗಳಲ್ಲೂ ಇದೆ. ಜಯಂತಿಗಳ ಭರಾಟೆ ಹೆಚ್ಚಾದದ್ದು ಈಚಿನ ನೂರು ವರ್ಷಗಳಲ್ಲಿ, ಸಂಘಟನೆಯ ಅಗತ್ಯದಿಂದ.

ಶಿವಕುಮಾರ ಸ್ವಾಮಿಗಳಿಗೆ ಎರಡು ದಿನಗಳೂ ಸಂದಿವೆ. ಏಪ್ರಿಲ್ 1ರ ಜಯಂತಿಗೆ ಸಿದ್ಧಗಂಗೆಯಲ್ಲಿ ಜನ ಕಿಕ್ಕಿರಿಯುತ್ತಾರೆ. 2019ರಲ್ಲಿ ಅವರು ಲಿಂಗೈಕ್ಯರಾದ ಜನವರಿ 21ನ್ನು ರಾಜ್ಯ ಸರ್ಕಾರ ದಾಸೋಹ ದಿನವೆಂದು ಘೋಷಿಸಿದೆ. 111 ವರ್ಷ ಬದುಕಿ ಲಕ್ಷಾಂತರ ಬಡಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟವರಿಗೆ ಯಾವ ದಿನ ಇಟ್ಟರೂ ಒಪ್ಪುತ್ತದೆ.

ದಿನ ಹಂಚಿಕೊಳ್ಳುವುದರಲ್ಲಿ ನಷ್ಟವೂ ಇದೆ. ಅಕ್ಟೋಬರ್ 2ರಂದು ಗಾಂಧೀಜಿಯ ಪಟದ ಪಕ್ಕದಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರಿಗೆ ಸಿಗುವುದು ಚಿಕ್ಕ ಹಾರ. ಏಪ್ರಿಲ್ 1ರಂದು ಹೊಸರಿತ್ತಿಯ ಪಾಲಿಗೂ ಅದೇ ಪಾಡು. ರಾಜ್ಯದ ಗಮನವೆಲ್ಲ ತುಮಕೂರಿನ ಕಡೆ, ನಗರಗಳ ಗಮನ ಮೂರ್ಖರ ದಿನದ ಚೇಷ್ಟೆಯ ಕಡೆ, ಕಚೇರಿಗಳ ಗಮನ ಹೊಸ ಲೆಕ್ಕದ ಕಡೆ. ಹಾವೇರಿ ಸೀಮೆಯ ಆಚೆ ಹುತಾತ್ಮರ ನೆನಪು ತೆಳುವಾಗುತ್ತ ಹೋಗುತ್ತದೆ. ಮಹಾದೇವಪ್ಪನವರು ಏಪ್ರಿಲ್ 1ನ್ನು ಆರಿಸಿಕೊಂಡು ಹೋದವರಲ್ಲ; ಹಣ ಅಲ್ಲಿತ್ತು, ಕಾವಲಿತ್ತು, ತಂಡ ಸಿದ್ಧವಿತ್ತು, ಹೋದರು. ದಿನ ಅವರನ್ನು ದೊಡ್ಡವರನ್ನಾಗಿ ಮಾಡಲಿಲ್ಲ. ಆ ತಾರೀಖಿಗೆ ಹಾವೇರಿ ಜಿಲ್ಲೆಯಲ್ಲಿ ಏನಾದರೂ ಬೆಲೆ ಇದ್ದರೆ ಅದು ಅವರಿಂದ ಬಂದದ್ದು.

ಹಾವೇರಿಯ ರೈಲು ನಿಲ್ದಾಣಕ್ಕೆ ಈಗ ಮಹಾದೇವಪ್ಪ ಮೈಲಾರರ ಹೆಸರಿದೆ. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರ ಹೆಸರು ಶಾಲೆಯ ಗೋಡೆಯ ಹಲಗೆಯ ಮೇಲೆ 'ಈ ದಿನದ ವಿಶೇಷ' ಬರೆಯುವವರಿಗೂ ಗೊತ್ತಿರುವುದು ಅಪರೂಪ. ಮುಂದಿನ ಏಪ್ರಿಲ್ 1ರಂದು ಆ ಹಲಗೆಯಲ್ಲಿ ಬಿಸ್ಮಾರ್ಕನಿಗೆ ಜಾಗ ಸಾಲದಿದ್ದರೂ ಚಿಂತೆಯಿಲ್ಲ, ಈ ಇಬ್ಬರನ್ನು ಬಿಡಬಾರದು.