ಊರಿನ ಮೌನ, ಊರಿನ ಋಣ

ಪ್ರತಿ ತಿಂಗಳ ಮೊದಲ ಶುಕ್ರವಾರ ಕಾಯಿಲೆಯವರಿಗೂ ವಯಸ್ಸಾದವರಿಗೂ ಪರಮಪ್ರಸಾದ ಕೊಡಲು ಮನೆಗಳಿಗೆ ಹೋಗುವುದು ನನ್ನ ವಾಡಿಕೆ. ಸಾಗರ ಪೇಟೆಯಿಂದ ಐದಾರು ಕಿಲೋಮೀಟರ್ ದೂರದ ಇಕ್ಕೇರಿಯ ಕಡೆ, ಅಡಿಕೆ ತೋಟದ ಅಂಚಿನಲ್ಲಿ ಒಂದು ಹಂಚಿನ ಮನೆಯಿದೆ. ಎಂಬತ್ತು ದಾಟಿದ ತಾಯಿಯೊಬ್ಬರು ಅಲ್ಲಿ ಒಬ್ಬರೇ ಇದ್ದಾರೆ. ಒಮ್ಮೆ ನಾನು ಹೋದಾಗ ಅಂಗಳದಲ್ಲಿ ಬೆಂಗಳೂರಿನ ಒಂದು ಕುಟುಂಬ ನಿಂತಿತ್ತು. ಅಘೋರೇಶ್ವರ ದೇವಾಲಯ ನೋಡಲು ಬಂದವರು ಕುಡಿಯಲು ನೀರು ಕೇಳಿ ಒಳಗೆ ಬಂದಿದ್ದರು. ಹೊರಡುವಾಗ ಅವರಲ್ಲಿ ಒಬ್ಬರು, “ಎಂಥಾ ಶಾಂತವಾದ ಊರು ಅಜ್ಜಿ! ಇಲ್ಲಿರೋಕೆ ಪುಣ್ಯ ಮಾಡಿರಬೇಕು” ಎಂದರು. ಅಜ್ಜಿ ನಕ್ಕರು. ಕಾರು ತಿರುವು ದಾಟಿದ ಮೇಲೆ ನನ್ನ ಕಡೆ ತಿರುಗಿ, “ಶಾಂತಿ ಅಲ್ಲ ಫಾದರ್, ಮಾತಾಡೋಕೆ ಯಾರೂ ಇಲ್ಲ, ಅಷ್ಟೆ” ಎಂದರು.

ಅದೇ ಭಾನುವಾರ ಧರ್ಮೋಪದೇಶ ತರಗತಿಯಲ್ಲಿ, “ಎಲ್ಲರೂ ಒಮ್ಮೆ ಇಕ್ಕೇರಿ, ಕೆಳದಿ ನೋಡಿಕೊಂಡು ಬರೋಣವೇ?” ಎಂದು ಮಕ್ಕಳನ್ನು ಕೇಳಿದೆ. ಹತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಅದು ನಮ್ಮದಲ್ಲವಲ್ಲ ಫಾದರ್?” ಎಂದ. ಅವನ ದನಿಯಲ್ಲಿ ತಿರಸ್ಕಾರವಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿದ, ಅಷ್ಟೇ. ಆದರೆ ಆ ಕ್ಷಣಕ್ಕೆ ನನ್ನಲ್ಲೂ ಸರಿಯಾದ ಉತ್ತರವಿರಲಿಲ್ಲ.

ಅಜ್ಜಿಯ ಮಾತು, ಹುಡುಗನ ಪ್ರಶ್ನೆ, ಇವೆರಡೂ ಬಹಳ ದಿನ ನನ್ನನ್ನು ಬಿಡಲಿಲ್ಲ. ಯೋಚಿಸುತ್ತಾ ಹೋದಂತೆ ಎರಡೂ ಒಂದೇ ಪ್ರಶ್ನೆಯೆಂದು ತೋರಿತು. ಹಳೆಯದೊಂದು ಸಣ್ಣ, ಸದ್ದಿಲ್ಲದ ಊರಿನಲ್ಲಿ ಬಾಳುವವನು ಆ ಊರಿಗೆ ಏನನ್ನು ಸಲ್ಲಿಸಬೇಕು?

ಮೌನವೆಲ್ಲ ಶಾಂತಿಯಲ್ಲ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಒಂದು ಕಾಲದ ರಾಜಧಾನಿಗಳು ಇಂದು ಹಳ್ಳಿಗಳಾಗಿವೆ. ಕೆಳದಿ, ಇಕ್ಕೇರಿ, ಬಿದನೂರು ಎಂಬ ನಗರ, ಕವಲೇದುರ್ಗ. ಇಕ್ಕೇರಿಗೆ ಒಂದರೊಳಗೊಂದು ಮೂರು ಸುತ್ತಿನ ಗೋಡೆಗಳಿದ್ದವಂತೆ. ನಡುವೆ ಮಣ್ಣು ಮತ್ತು ಮರದಿಂದ ಕಟ್ಟಿ ಕೆತ್ತನೆಯಿಂದ ಸಿಂಗರಿಸಿದ ಅರಮನೆ. ಇಂದು ಅರಮನೆಯೂ ಇಲ್ಲ, ಕೋಟೆಯೂ ಇಲ್ಲ. ಉಳಿದಿರುವುದು ಕಲ್ಲಿನ ದೇವಾಲಯ. ಅದರ ಗರ್ಭಗುಡಿಯ ಎದುರು ನೆಲದ ಮೇಲೆ ಕೆಳದಿಯ ಮೂವರು ಅರಸರು ಅಡ್ಡಬಿದ್ದಿರುವಂತೆ ಕೆತ್ತಿದ್ದಾರೆ. ಅವರಲ್ಲಿ ಒಬ್ಬನ ಕೈಕಾಲಿಗೆ ಬೇಡಿ. ರಾಜಧಾನಿ ಬಿದನೂರಿಗೆ ಹೋದ ಮೇಲೂ ಆ ರಾಜ್ಯದ ನಾಣ್ಯವನ್ನು ಜನ ಇಕ್ಕೇರಿ ವರಹವೆಂದೇ ಕರೆದರು. ಊರು ಸಣ್ಣದಾಯಿತು, ಹೆಸರು ಮಾತ್ರ ದೂರದ ಸಂತೆಗಳವರೆಗೆ ನಡೆಯಿತು.

ಇಂಥ ಊರಿಗೆ ಬಂದವರಿಗೆ ಮೊದಲು ಹಿಡಿಸುವುದು ಇಲ್ಲಿನ ಮೌನ. ಅದು ತಪ್ಪಲ್ಲ. ಪ್ರಭು ಯೇಸುವೂ ಜನಜಂಗುಳಿಯನ್ನು ಬಿಟ್ಟು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದರು. ಆದರೆ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ.

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳನ್ನು ನುಂಗಿತು. ಶರಾವತಿಯ ಆಚೆ ಉಳಿದ ತುಮರಿ ಕಡೆಯವರಿಗೆ ಸಾಗರಕ್ಕೆ ಬರಲು ದಶಕಗಳ ಕಾಲ ಲಾಂಚೇ ಗತಿಯಾಗಿತ್ತು. ನೀರಿನ ನಡುವಿನ ಆ ನಿಶ್ಶಬ್ದವನ್ನು ಹೊಗಳದ ಪ್ರವಾಸಿಗನಿಲ್ಲ. ಸಂಜೆ ಲಾಂಚು ನಿಂತ ಮೇಲೆ ಮನೆಯಲ್ಲಿ ಹೆರಿಗೆ ನೋವು ಬಂದವಳಿಗೆ ಆ ನಿಶ್ಶಬ್ದ ಹೇಗೆ ಕೇಳಿಸಿರಬೇಕು? 2025ರ ಜುಲೈನಲ್ಲಿ ಅಲ್ಲಿ ಸೇತುವೆ ಸಂಚಾರಕ್ಕೆ ತೆರೆದಾಗ, ಇನ್ನು ಆ ಕಡೆಯ ಶಾಂತಿ ಹೋಯಿತು ಎಂದು ಪೇಟೆಯಲ್ಲಿ ಕೆಲವರು ಮರುಗಿದರು. ಮರುಗಿದವರಲ್ಲಿ ಯಾರೂ ರಾತ್ರಿ ದಡದಲ್ಲಿ ಕಾದವರಲ್ಲ.

ಇನ್ನೊಂದು ಬಗೆಯ ಮೌನವೂ ಉಂಟು. ಸಾಗರದ ಬಳಿಯ ಕಾಗೋಡು ಕೂಡ ಸದ್ದಿಲ್ಲದ ಊರೇ ಆಗಿತ್ತು. ಅಲ್ಲಿನ ಗೇಣಿದಾರರು ತಲೆಮಾರುಗಳಿಂದ ಒಡೆಯರ ಎದುರು ಬಾಯಿ ತೆರೆದವರಲ್ಲ. 1951ರಲ್ಲಿ, ಗೇಣಿಯ ಭತ್ತ ಅಳೆಯುವ ಕೊಳಗದ ಅನ್ಯಾಯದಿಂದ ಮಾತು ಶುರುವಾಯಿತು. ಆ ಮಾತು ಸತ್ಯಾಗ್ರಹವಾಗಿ ಬೆಳೆಯಿತು; ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೆ ಒಳಗಾದರು. ಊರಿನ ಶಾಂತಿ ಕೆಟ್ಟಿತೆಂದು ಅಂದು ಹೇಳಿದವರಿರಬೇಕು. ಆದರೆ ಕೆಟ್ಟದ್ದು ಶಾಂತಿಯಲ್ಲ, ಭಯದ ಮೌನ.

ಸಂತ ಅಗಸ್ಟೀನರು ‘ದೇವರ ನಗರ’ ಎಂಬ ದೊಡ್ಡ ಗ್ರಂಥವನ್ನು ಬರೆಯಲು ತೊಡಗಿದ್ದು ಕ್ರಿ.ಶ. 410ರಲ್ಲಿ ರೋಮ್ ನಗರ ಕೊಳ್ಳೆಹೋದ ನಂತರ. ಶಾಂತಿಯೆಂದರೆ ಸುಮ್ಮನಿರುವುದಲ್ಲ, ಪ್ರತಿಯೊಂದೂ ತನಗೆ ಸಲ್ಲಬೇಕಾದ ನೆಲೆಯಲ್ಲಿ ಇದ್ದಾಗ ಮೂಡುವ ನೆಮ್ಮದಿ ಎಂಬ ಅರ್ಥದಲ್ಲಿ ಅವರು ಅಲ್ಲಿ ವಿವರಿಸುತ್ತಾರೆ. ಈ ಅಳತೆಗೋಲನ್ನು ನಮ್ಮ ಊರುಗಳಿಗೆ ಹಿಡಿದು ನೋಡೋಣ. ಮಕ್ಕಳೆಲ್ಲ ಬೆಂಗಳೂರು, ಮಂಗಳೂರು, ದುಬೈ ಸೇರಿ, ತಾಯಿ ಒಬ್ಬರೇ ಸಂಜೆ ದೀಪ ಹಚ್ಚಿ ಜಪಸರ ಹಿಡಿದು ಕೂರುವ ಮನೆಯಲ್ಲಿ ಸದ್ದಿಲ್ಲ, ನಿಜ. ಅದನ್ನು ಶಾಂತಿ ಎನ್ನಲಾಗದು.

ಕಲ್ಲುಗಳೂ ವಿಧವೆಯೂ

ಸಂತ ಮಾರ್ಕನ ಶುಭಸಂದೇಶದಲ್ಲಿ ಒಂದರ ಹಿಂದೆ ಒಂದಾಗಿ ಬರುವ ಎರಡು ಘಟನೆಗಳನ್ನು ನಾವು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಓದುತ್ತೇವೆ. ಮೊದಲನೆಯದರಲ್ಲಿ ಯೇಸುಸ್ವಾಮಿ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತು, ಬಡ ವಿಧವೆ ಎರಡು ಚಿಕ್ಕ ಕಾಸು ಹಾಕುವುದನ್ನು ಗಮನಿಸುತ್ತಾರೆ. ಅಲ್ಲಿಂದ ಹೊರಬರುತ್ತಲೇ ಶಿಷ್ಯನೊಬ್ಬ, ಎಂಥ ಕಲ್ಲುಗಳು, ಎಂಥ ಕಟ್ಟಡಗಳು ನೋಡಿ ಎಂದು ಬೆರಗಾಗುತ್ತಾನೆ. ಯೇಸು ಕಂಡದ್ದು ವಿಧವೆಯನ್ನು, ಶಿಷ್ಯ ಕಂಡದ್ದು ಕಲ್ಲನ್ನು. ಇಬ್ಬರೂ ನಿಂತಿದ್ದದ್ದು ಒಂದೇ ಸ್ಥಳದಲ್ಲಿ.

ಹಾಗೆಂದು ಯೇಸು ಕಲ್ಲುಗಳನ್ನು ಹೀಗಳೆದರೆಂದು ತಿಳಿಯಬಾರದು. ಅದೇ ಜೆರುಸಲೇಮಿನ ನಾಶವನ್ನು ಮುಂಗಂಡು ಅವರು ಕಣ್ಣೀರಿಟ್ಟರು. ತನ್ನವರ ಪಟ್ಟಣವನ್ನು ಪ್ರೀತಿಸದವನು ಅದಕ್ಕಾಗಿ ಅಳುವುದಿಲ್ಲ. ಕಲ್ಲಿನ ಬೆರಗು ನಮ್ಮ ಕಣ್ಣನ್ನು ಮನುಷ್ಯನಿಂದ ಬೇರೆಡೆಗೆ ತಿರುಗಿಸದಿರಲಿ ಎಂಬುದೇ ಇಲ್ಲಿನ ಪಾಠ.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಿಕೊಳ್ಳಬೇಕು. ಇಕ್ಕೇರಿಯ ಕೆತ್ತನೆಗಳನ್ನು ಅತಿಥಿ ಗುರುಗಳಿಗೆ ತೋರಿಸುತ್ತಾ ನಾನು ಒಂದೊಂದು ಗಂಟೆ ನಿಂತದ್ದುಂಟು. ಆ ಅಜ್ಜಿಯ ಮನೆಯಲ್ಲಿ ಮಾತ್ರ ಪರಮಪ್ರಸಾದ ಕೊಟ್ಟು, ಪ್ರಾರ್ಥನೆ ಮುಗಿಸಿ, ಐದೇ ನಿಮಿಷದಲ್ಲಿ ಹೊರಡುತ್ತಿದ್ದೆ. ‘ಇನ್ನೂ ನಾಲ್ಕು ಮನೆ ಇವೆ’ ಎನ್ನುತ್ತಿದ್ದೆ. ಅವರು ಕಾಯಿಸಿಟ್ಟ ಕಾಫಿ ಎಷ್ಟು ಸಲ ಆರಿಹೋಯಿತೋ ನಾನು ಕೇಳಿದವನಲ್ಲ.

ಅದು ನಮ್ಮದೇ?

ಈಗ ಹುಡುಗನ ಪ್ರಶ್ನೆಗೆ ಬರೋಣ.

ನಮ್ಮ ಧರ್ಮಕೇಂದ್ರಗಳ ಅನೇಕ ಕೊಂಕಣಿ ಕುಟುಂಬಗಳ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದವರು. ಕರಾವಳಿಗೆ ಅವರ ಪೂರ್ವಿಕರು ಬಂದದ್ದು ಗೋವೆಯಿಂದ. ಬರ, ಯುದ್ಧ, ಕಂದಾಯದ ಹೊರೆ, ನಮ್ಮದೇ ಸಭೆಯ ಹೆಸರಿನಲ್ಲಿ ನಡೆದ ಧರ್ಮವಿಚಾರಣೆಯ ಭಯ ಅವರನ್ನು ತೆಂಕಣಕ್ಕೆ ಅಟ್ಟಿದವು. ಆಗ ಕರಾವಳಿಯ ಬಹುಭಾಗವನ್ನು ಆಳುತ್ತಿದ್ದವರು ಯಾರು? ಇದೇ ಕೆಳದಿ, ಇಕ್ಕೇರಿ, ಬಿದನೂರಿನ ಅರಸರು. ಬೇಸಾಯದಲ್ಲಿ ನುರಿತವರೆಂದು ಅವರು ನಮ್ಮವರಿಗೆ ನೆಲೆ ಕೊಟ್ಟರು. 17ನೇ ಶತಮಾನದ ಕೊನೆಯ ಭಾಗದಲ್ಲಿ ಆಳಿದ ರಾಣಿ ಚೆನ್ನಮ್ಮ ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಹೊನ್ನಾವರ, ಮಿರ್ಜಾನ್, ಕಲ್ಯಾಣಪುರ ಮುಂತಾದೆಡೆ ದೇವಾಲಯ ಕಟ್ಟಿಕೊಳ್ಳಲು ಅವಕಾಶವಿತ್ತು. ಅದಕ್ಕೆ ಮೆಣಸಿನ ವ್ಯಾಪಾರದ ಲೆಕ್ಕಾಚಾರವೂ ಕಾರಣ, ನಿಜ. ಆದರೆ ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳೂ ಈಕೆಯೇ. ಆ ಆಶ್ರಯದಿಂದ ಅವಳಿಗೆ ಸಿಕ್ಕಿದ್ದು ಯುದ್ಧ.

ಆದ್ದರಿಂದ ಆ ಹುಡುಗನಿಗೆ ನಾನು ಕೊನೆಗೆ ಹೇಳಿದ್ದಿಷ್ಟು. “ನೀನು ಭಾನುವಾರ ಪೂಜೆಗೆ ಬರುತ್ತೀಯಲ್ಲ, ಆ ದಾರಿಯಲ್ಲಿ ಅವರ ಪಾಲೂ ಇದೆ ಮಗಾ.”

ಸೆಮಿನರಿಯಲ್ಲಿ ಸಂತ ಥಾಮಸ್ ಅಕ್ವಿನಾಸರನ್ನು ಓದುವಾಗ ಒಂದು ಸದ್ಗುಣದ ವಿವರಣೆ ನನಗೆ ಬಹಳ ಹಿಡಿಸಿತ್ತು. ದೇವರ ನಂತರ ಮನುಷ್ಯ ತನ್ನ ಹೆತ್ತವರಿಗೂ ತನ್ನನ್ನು ಪೊರೆದ ನಾಡಿಗೂ ಋಣಿ. ಆ ಋಣವನ್ನು ಪ್ರೀತಿಯಿಂದ ಸಲ್ಲಿಸುವುದು ನ್ಯಾಯದ ಕುಟುಂಬಕ್ಕೆ ಸೇರಿದ ಸದ್ಗುಣ ಎಂಬುದು ಅವರ ವಿಚಾರ. ಅದಕ್ಕೆ ಲತೀನಿನಲ್ಲಿ ‘ಪಿಯೆತಾಸ್’ ಎನ್ನುತ್ತಾರೆ. ನಮ್ಮ ಅಜ್ಜಂದಿರಿಗೆ ಲತೀನು ಬಾರದಿದ್ದರೂ ‘ಅನ್ನದ ಋಣ, ಮಣ್ಣಿನ ಋಣ’ ಎಂಬ ಮಾತು ಗೊತ್ತಿತ್ತು.

ಇಲ್ಲೊಂದು ಸಂದೇಹ ಬರಬಹುದು. ಅನ್ಯಧರ್ಮದ ದೇವಾಲಯವನ್ನು ಗೌರವಿಸಿದರೆ ನಮ್ಮ ವಿಶ್ವಾಸಕ್ಕೆ ಕುಂದಲ್ಲವೇ? ಕೃತಜ್ಞತೆ ಬೇರೆ, ಆರಾಧನೆ ಬೇರೆ. ಆರಾಧನೆ ದೇವರೊಬ್ಬರಿಗೇ ಸಲ್ಲುತ್ತದೆ. ಕೃತಜ್ಞತೆ ಉಪಕಾರ ಮಾಡಿದ ಎಲ್ಲರಿಗೂ ಸಲ್ಲುತ್ತದೆ. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿದೆ. ಬಾಬಿಲೋನಿಗೆ ಸೆರೆಹೋದ ಯೆಹೂದ್ಯರಿಗೂ ಪ್ರವಾದಿ ಯೆರೆಮೀಯ ಬರೆದದ್ದು ಇದನ್ನೇ: ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಹಿತಕ್ಕಾಗಿ ಪ್ರಾರ್ಥಿಸಿ ಎಂದು. ಸೆರೆಯ ಊರಿಗೇ ಅಷ್ಟು ಸಲ್ಲಬೇಕಾದರೆ, ನೆಲೆ ಕೊಟ್ಟ ಊರಿಗೆ ಎಷ್ಟು ಸಲ್ಲಬೇಕು?

ಎಲ್ಲರೂ ಒಟ್ಟಿಗೆ ಮರೆಯಬಾರದು

1623ರಲ್ಲಿ ರೋಮಿನ ಕಥೋಲಿಕ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ವೆಂಕಟಪ್ಪ ನಾಯಕನನ್ನು ಕಾಣಲು ಇಕ್ಕೇರಿಗೆ ಬಂದ. ಘಟ್ಟದ ದಾರಿಯಲ್ಲಿ ಒಂದು ದೇವಾಲಯದ ಜಗುಲಿಯ ಮೇಲೆ ನಾಲ್ವರು ಹುಡುಗರು ನೆಲಕ್ಕೆ ನಯವಾದ ಮರಳು ಹರಡಿ, ಬೆರಳಿನಿಂದ ಬರೆಯುತ್ತಾ, ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯುತ್ತಿದ್ದುದನ್ನು ಕಂಡ. ಹತ್ತಿರದಲ್ಲಿ ಗುರುಗಳಿರಲಿಲ್ಲ. ತಪ್ಪಿದರೆ ತಿದ್ದುವವರು ಯಾರು ಎಂದು ಅವನು ಕೇಳಿದ. ನಾಲ್ವರೂ ಒಂದೇ ಕಡೆ ಮರೆಯಲು ಸಾಧ್ಯವಿಲ್ಲ, ಒಬ್ಬ ಮರೆತರೆ ಇನ್ನೊಬ್ಬ ತಿದ್ದುತ್ತಾನೆ ಎಂಬ ಉತ್ತರ ಬಂತು. ಅವನು ಇದನ್ನು ಮೆಚ್ಚಿ ತನ್ನ ಪತ್ರದಲ್ಲಿ ಬರೆದಿಟ್ಟಿದ್ದಾನೆ.

ಊರೆಂದರೆ ಇದೇ ಅಲ್ಲವೇ? ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಡುವ ಜಗುಲಿ. ಜಗುಲಿಯಲ್ಲಿ ಒಬ್ಬರೇ ಉಳಿದರೆ ತಿದ್ದುವವರು ಯಾರು? ಕೆಳದಿಯಲ್ಲಿ ಗುಂಡಾ ಜೋಯಿಸರು ತಾಳೆಗರಿಗಳನ್ನೂ ಹಳೆಯ ಕಾಗದಪತ್ರಗಳನ್ನೂ ಕೂಡಿಸಿ ವಸ್ತುಸಂಗ್ರಹಾಲಯ ಕಟ್ಟಿದ್ದರಿಂದ ಅರಸರ ನೆನಪಿಗೆ ಒಂದು ಆಸರೆ ಸಿಕ್ಕಿತು. ನೀರಿನಡಿ ಮುಳುಗಿದ ಊರುಗಳ ಗದ್ದೆಯ ಹೆಸರು, ಘಟ್ಟ ಹತ್ತಿ ಬಂದ ನಮ್ಮ ಹಿರಿಯರ ಕಷ್ಟ, ಇವುಗಳ ಸಂಗ್ರಹಾಲಯ ನಮ್ಮ ಮನೆಗಳ ಹಿರಿಯರೇ. ಹಿತ್ತಲ ಗಿಡ ಮದ್ದಲ್ಲ ಎಂದು ಅವರನ್ನು ಕೇಳದೆ ಬಿಟ್ಟಿದ್ದೇವೆ.

ಪ್ರಿಯ ತಂದೆ ತಾಯಂದಿರೇ, ಈ ತಿಂಗಳು ಒಂದು ಭಾನುವಾರ ಪೂಜೆಯ ನಂತರ ಮಕ್ಕಳನ್ನು ಹತ್ತಿರದ ಹಳೆಯ ಸ್ಥಳವೊಂದಕ್ಕೆ ಕರೆದುಕೊಂಡು ಹೋಗಿ. ಕಲ್ಲಿನ ಮೇಲೆ ಹೆಸರು ಗೀಚದಂತೆ, ಕಸ ಎಸೆಯದಂತೆ ಕಲಿಸಿ, ಅದೂ ಧರ್ಮೋಪದೇಶವೇ. ಹಿಂದಿರುಗುವಾಗ ಒಂಟಿಯಾಗಿರುವ ಹಿರಿಯರೊಬ್ಬರ ಮನೆಯಲ್ಲಿ ಅರ್ಧ ಗಂಟೆ ಕೂತು ಬನ್ನಿ. ಅವರು ನಮ್ಮ ಧರ್ಮದವರೇ ಆಗಬೇಕೆಂದಿಲ್ಲ. ದೂರದ ಊರುಗಳಲ್ಲಿರುವ ಮಕ್ಕಳೇ, ಹಣ ಕಳಿಸುತ್ತೀರಿ, ದೇವರು ನಿಮಗೆ ಒಳ್ಳೆಯದು ಮಾಡಲಿ. ಆದರೆ ತಾಯಿಯ ಹತ್ತಿರ ‘ಊಟ ಆಯ್ತಾ’ ಎಂಬುದಕ್ಕಿಂತ ಉದ್ದದ ಒಂದು ಪ್ರಶ್ನೆಯನ್ನೂ ಕೇಳಿ.

ನಾವು ಇಕ್ಕೇರಿಗೆ ಹೋದೆವು. ಮಕ್ಕಳು ನೆಲದ ಮೇಲಿನ ಅರಸರನ್ನು ತುಳಿಯದಂತೆ ಬಳಸಿ ನಡೆದರು, ನಾನು ಹೇಳಿಕೊಟ್ಟಿರಲಿಲ್ಲ. ಆಮೇಲೆ ಹದಿನೇಳು ಮಂದಿ ಆ ಅಜ್ಜಿಯ ಜಗುಲಿ ತುಂಬಿಕೊಂಡರು. ಅವರ ಅಪ್ಪ ಹೊನ್ನಾವರದಿಂದ ತಲೆಯ ಮೇಲೆ ಗಂಟು ಹೊತ್ತು ನಡೆದು ಬಂದ ಕತೆ ಆ ದಿನವೇ ನನಗೂ ಮೊದಲ ಬಾರಿಗೆ ಗೊತ್ತಾದದ್ದು. “ಅದು ನಮ್ಮದಲ್ಲವಲ್ಲ” ಎಂದ ಹುಡುಗನೇ ಹೆಚ್ಚು ಪ್ರಶ್ನೆ ಕೇಳಿದ.

ಮುಂದಿನ ಮೊದಲ ಶುಕ್ರವಾರ ನಾನು ಹೋದಾಗ ಅಜ್ಜಿ, “ಏನು ಗಲಾಟೆ ಮಾಡಿದವು ಫಾದರ್ ಆ ಮಕ್ಕಳು! ತಲೆನೋವೇ ಬಂತು” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತೆ ಯಾವಾಗ ಕರ್ಕೊಂಡು ಬರ್ತೀರಿ?” ಎಂದು ಕೇಳಿದರು. ಆ ದಿನ ಕಾಫಿ ಆರುವ ಮೊದಲೇ ಕುಡಿದೆ.